ಜರ್ಮನಿಗೆ ಹೊಸದಾಗಿ ಹೋಗುವವರಿಗೆ ಆರೋಗ್ಯ ವಿಮೆ: ಸಾರ್ವಜನಿಕವೋ, ಖಾಸಗಿಯೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನಗೆ ಸ್ಟುಟ್‌ಗಾರ್ಟ್‌ನ ಕಂಪನಿಯೊಂದರಲ್ಲಿ ವರ್ಷಕ್ಕೆ 82,000 ಯೂರೋ ಸಂಬಳದ ಕೆಲಸ ಸಿಕ್ಕಿದ್ದು, ಬ್ಲೂ ಕಾರ್ಡ್ ವೀಸಾ ಕೂಡ ಬಂದಿದೆ. ಮೊದಲು ನಾನೊಬ್ಬನೇ ಹೋಗಿ ಮನೆ ಮಾಡಿದ ಮೇಲೆ, ಎರಡು ಮೂರು ತಿಂಗಳ ಅಂತರದಲ್ಲಿ ಪತ್ನಿ ಮತ್ತು ನಾಲ್ಕು ವರ್ಷದ ಮಗಳು ಬರುವವರಿದ್ದಾರೆ. ಪತ್ನಿಗೆ ಥೈರಾಯ್ಡ್ ಸಮಸ್ಯೆಯಿದ್ದು ದಿನವೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಅಲ್ಲಿಗೆ ಬಂದ ಮೇಲೆ ಎರಡನೆಯ ಮಗುವಿನ ಯೋಚನೆಯೂ ನಮಗಿದೆ. ಮೊದಲ ಒಂದೆರಡು ವರ್ಷ ಅವರು ಕೆಲಸಕ್ಕೆ ಹೋಗುವುದಿಲ್ಲ.

ಆನ್‌ಲೈನ್‌ನಲ್ಲಿ ಪರಿಚಯವಾದ ವಿಮಾ ಏಜೆಂಟರೊಬ್ಬರು, ನನ್ನ ಸಂಬಳ ನಿಗದಿತ ಮಿತಿಗಿಂತ ಹೆಚ್ಚಿರುವುದರಿಂದ ನಾನು ಖಾಸಗಿ ವಿಮೆಗೆ ಹೋಗಬಹುದೆಂದೂ, ತಿಂಗಳಿಗೆ 420 ಯೂರೋ ಆಗುತ್ತದೆಂದೂ, ಅದರಲ್ಲಿ ಅರ್ಧವನ್ನು ಕಂಪನಿಯೇ ಕೊಡುತ್ತದೆಂದೂ ಹೇಳಿ, ಈ ವಾರವೇ ಸಹಿ ಮಾಡುವಂತೆ ಒತ್ತಾಯಿಸುತ್ತಿದ್ದಾರೆ. ಸಾರ್ವಜನಿಕ ವಿಮೆಯಲ್ಲಿ ನನ್ನ ಪಾಲೇ 600 ಯೂರೋ ದಾಟುತ್ತದೆ ಎಂಬುದು ಅವರ ಲೆಕ್ಕ. ಇದು ನಿಜವೇ? ನಿಜವಾದರೆ ಅಷ್ಟು ಹೆಚ್ಚು ಹಣ ಕೊಟ್ಟು ಜನ ಸಾರ್ವಜನಿಕ ವಿಮೆಯಲ್ಲಿ ಏಕೆ ಇರುತ್ತಾರೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಸ್ಟುಟ್‌ಗಾರ್ಟ್‌ನಿಂದ)

ಮೊದಲನೆಯದಾಗಿ, ಈ ವಾರ ಯಾವುದಕ್ಕೂ ಸಹಿ ಮಾಡಬೇಡಿ. ಜರ್ಮನಿಯಲ್ಲಿ ಮೊದಲ ಬಾರಿಗೆ ಕೆಲಸಕ್ಕೆ ಸೇರುವವರ ಸಂಬಳ ಮಿತಿಗಿಂತ ಹೆಚ್ಚಿದ್ದರೂ, ಅವರು ಸ್ವಇಚ್ಛೆಯ ಸದಸ್ಯರಾಗಿ ಸಾರ್ವಜನಿಕ ವಿಮೆಗೆ ಸೇರಲು ಕಾನೂನು ಅವಕಾಶ ಕೊಟ್ಟಿದೆ. ಆದರೆ ಕೆಲಸ ಆರಂಭವಾದ ದಿನದಿಂದ ಮೂರು ತಿಂಗಳೊಳಗೆ ಅದನ್ನು ವಿಮಾ ಸಂಸ್ಥೆಗೆ ತಿಳಿಸಬೇಕು. ಹಾಗೆ ತಿಳಿಸಿದರೆ ಸದಸ್ಯತ್ವ ಕೆಲಸದ ಮೊದಲ ದಿನದಿಂದಲೇ ಜಾರಿಗೆ ಬರುತ್ತದೆ. ಈ ಮೂರು ತಿಂಗಳು ಕಳೆದುಹೋದರೆ, ಸಂಬಳ ಮಿತಿಗಿಂತ ಮೇಲಿರುವವರೆಗೆ ಒಳಗೆ ಬರುವ ದಾರಿ ಬಹುಮಟ್ಟಿಗೆ ಮುಚ್ಚಿದಂತೆಯೇ. ಏಜೆಂಟರು ನಿಮಗೆ ಹೇಳದೆ ಬಿಟ್ಟಿರುವುದು ಇದನ್ನೇ.

ಇನ್ನು ಲೆಕ್ಕಕ್ಕೆ ಬರುತ್ತೇನೆ. 2026ರಲ್ಲಿ ಆ ಮಿತಿ ವರ್ಷಕ್ಕೆ 77,400 ಯೂರೋ. ನಿಮ್ಮ ಸಂಬಳ ಅದಕ್ಕಿಂತ ಹೆಚ್ಚು ಎಂಬುದು ನಿಜ. ಸಾರ್ವಜನಿಕ ವಿಮೆಯ ಮೂಲ ಕಂತು ಸಂಬಳದ ಶೇ. 14.6. ಅದರ ಮೇಲೆ ಪ್ರತಿಯೊಂದು ಸಂಸ್ಥೆಯೂ ತನ್ನದೇ ದರದ ಹೆಚ್ಚುವರಿ ಕಂತು ಹಾಕುತ್ತದೆ. ಸರ್ಕಾರ 2026ಕ್ಕೆ ಪ್ರಕಟಿಸಿರುವ ಸರಾಸರಿ ಶೇ. 2.9. ಆದರೆ ಇದನ್ನು ಪೂರ್ತಿ ಸಂಬಳದ ಮೇಲೆ ಲೆಕ್ಕ ಹಾಕುವುದಿಲ್ಲ, ತಿಂಗಳಿಗೆ 5,812.50 ಯೂರೋವರೆಗೆ ಮಾತ್ರ. ಹಾಗಾಗಿ ಒಟ್ಟು ಕಂತು ಸುಮಾರು 1,017 ಯೂರೋ ಆಗಿ, ಅರ್ಧವನ್ನು ಕಂಪನಿ ಕೊಟ್ಟ ಮೇಲೆ ನಿಮ್ಮ ಪಾಲಿಗೆ 509 ಯೂರೋ ಉಳಿಯುತ್ತದೆ. ಇದರ ಜೊತೆಗೆ ಮುಪ್ಪಿನಲ್ಲಿಯೋ ದೀರ್ಘಕಾಲದ ಕಾಯಿಲೆಯಲ್ಲಿಯೋ ಬೇಕಾಗುವ ಆರೈಕೆಗೆಂದು ಇರುವ ಕಡ್ಡಾಯ ವಿಮೆಗೆ, ಒಂದು ಮಗುವಿರುವ ನಿಮ್ಮಿಂದ ಸುಮಾರು 105 ಯೂರೋ ಹೋಗುತ್ತದೆ. ಸಂಬಳದ ಚೀಟಿಯಲ್ಲಿ ಇವು ‘ಕೆ.ವಿ.’ ಮತ್ತು ‘ಪಿ.ವಿ.’ ಎಂಬ ಎರಡು ಸಾಲುಗಳಾಗಿ ಕಾಣುತ್ತವೆ. ಅಂದರೆ 600 ದಾಟುತ್ತದೆ ಎಂಬ ಮಾತು ಸುಳ್ಳಲ್ಲ. ಆದರೆ ಆ ಹಣದಲ್ಲಿ ಪತ್ನಿ ಮತ್ತು ಮಗಳ ವಿಮೆಯೂ ಸೇರಿದೆ. ಪತ್ನಿಯ ಸ್ವಂತ ಆದಾಯ ತಿಂಗಳಿಗೆ 565 ಯೂರೋ ಮೀರದಿದ್ದರೆ ಕುಟುಂಬ ವಿಮೆಯ ಅಡಿಯಲ್ಲಿ ಅವರಿಗೂ ಮಕ್ಕಳಿಗೂ ಪ್ರತ್ಯೇಕ ಕಂತು ಇಲ್ಲ. ನಾಳೆ ಎರಡನೆಯ ಮಗುವಾದರೂ ಕಂತು ಏರುವುದಿಲ್ಲ. ಆರೈಕೆ ವಿಮೆಯ ದರವಂತೂ ಸ್ವಲ್ಪ ಇಳಿಯುತ್ತದೆ.

ಖಾಸಗಿ ವಿಮೆಯಲ್ಲಿ ತಲೆಗೊಂದು ಕಂತು. ಏಜೆಂಟರು ಹೇಳಿದ 420 ನಿಮ್ಮೊಬ್ಬರದು. ಪತ್ನಿಗೂ ಅಷ್ಟೇ, ಮಗಳಿಗೆ 160 ಎಂದು ಇಟ್ಟುಕೊಂಡರೂ ಒಟ್ಟು ಸಾವಿರವಾಗಿ ನಿಮ್ಮ ಪಾಲು 500ಕ್ಕೆ ಬರುತ್ತದೆ. ಆರೈಕೆ ವಿಮೆ ಬೇರೆ. ಕಂಪನಿ ಕೊಡುವ ಪಾಲಿಗೆ ಸುಮಾರು 509 ಯೂರೋ ಎಂಬ ಮೇಲ್ಮಿತಿಯಿರುವುದರಿಂದ, ಎರಡನೆಯ ಮಗುವಿನ ಕಂತು ಹೆಚ್ಚುಕಡಿಮೆ ಪೂರ್ತಿಯಾಗಿ ನಿಮ್ಮ ಮೇಲೆಯೇ ಬೀಳುತ್ತದೆ. ಥೈರಾಯ್ಡ್ ಕಾರಣದಿಂದ ಪತ್ನಿಯ ಕಂತನ್ನು ಏರಿಸಬಹುದು. ಅಗ್ಗವೆಂದು ಕಂಡದ್ದು ಎಷ್ಟು ಬೇಗ ಕರಗುತ್ತದೆ ನೋಡಿ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಮುಂದೆ ಪತ್ನಿ ಕೆಲಸಕ್ಕೆ ಸೇರಿ ಸಾರ್ವಜನಿಕ ವಿಮೆಗೆ ಬಂದರೂ, ನೀವು ಖಾಸಗಿಯಲ್ಲಿದ್ದು, ನಿಮ್ಮ ಆದಾಯ ಅವರದಕ್ಕಿಂತ ಹೆಚ್ಚಾಗಿಯೂ ಆ ಮಿತಿಯ ಮೇಲೂ ಇದ್ದರೆ, ಮಕ್ಕಳನ್ನು ಅವರ ವಿಮೆಯಲ್ಲಿ ಉಚಿತವಾಗಿ ಸೇರಿಸಲು ಬರುವುದಿಲ್ಲ. ಖಾಸಗಿಗೆ ಹೋದವರು ಸಾರ್ವಜನಿಕಕ್ಕೆ ಮರಳಬೇಕಾದರೆ ಸಾಮಾನ್ಯವಾಗಿ ಸಂಬಳ ಮಿತಿಗಿಂತ ಕೆಳಗಿಳಿಯಬೇಕು. ವಯಸ್ಸು 55 ದಾಟಿದ ಮೇಲೆ ಅದೂ ಹೆಚ್ಚಿನವರಿಗೆ ಸಾಧ್ಯವಾಗುವುದಿಲ್ಲ. ಸಾರ್ವಜನಿಕದಿಂದ ಖಾಸಗಿಗೆ ಹೋಗುವುದಾದರೋ, ಸಂಬಳ ಮಿತಿಯ ಮೇಲಿರುವವರೆಗೆ ಮುಂದೆ ಯಾವಾಗ ಬೇಕಾದರೂ ಅರ್ಜಿ ಹಾಕಬಹುದು. ಇಬ್ಬರು ಮಕ್ಕಳು, ಒಂದೇ ಸಂಪಾದನೆ, ಎಷ್ಟು ವರ್ಷ ಅಲ್ಲಿರುತ್ತೇವೆ ಎಂಬುದು ಇನ್ನೂ ನಿಶ್ಚಯವಾಗದ ಸ್ಥಿತಿ, ಇವೆಲ್ಲ ಇರುವಾಗ ಸಾರ್ವಜನಿಕ ವಿಮೆಯೇ ನಿಮಗೆ ಸರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಉತ್ತರ 2 (ಮ್ಯೂನಿಕ್‌ನಿಂದ)

ಮೇಲಿನವರು ಹಣದ ಲೆಕ್ಕವನ್ನು ಚೆನ್ನಾಗಿ ಬಿಡಿಸಿದ್ದಾರೆ. ನಾನು ನಿಮ್ಮ ಪತ್ನಿಯ ದೃಷ್ಟಿಯಿಂದ ಒಂದಿಷ್ಟು ಸೇರಿಸುತ್ತೇನೆ, ಏಕೆಂದರೆ ಗಂಡನ ಕೆಲಸದ ಮೇಲೆ ಇಲ್ಲಿಗೆ ಬಂದವರಲ್ಲಿ ನಾನೂ ಒಬ್ಬಳು.

ಸಾರ್ವಜನಿಕ ವಿಮೆಯಲ್ಲಿ ನಿಮ್ಮ ಆರೋಗ್ಯ ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ಬಿಸ್ಮಾರ್ಕ್ ಕಾಲದ 1883ರ ಕಾನೂನಿನಿಂದ ಬೆಳೆದುಬಂದ ಈ ವ್ಯವಸ್ಥೆಯಲ್ಲಿ ಕಂತನ್ನು ನಿರ್ಧರಿಸುವುದು ಆದಾಯವೇ ಹೊರತು ಕಾಯಿಲೆಯಲ್ಲ. ಖಾಸಗಿ ಸಂಸ್ಥೆಯ ಅರ್ಜಿಯಲ್ಲಾದರೆ ಕಳೆದ ವರ್ಷಗಳಲ್ಲಿ ಯಾವ ವೈದ್ಯರನ್ನು ಕಂಡಿರಿ, ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ, ಆಸ್ಪತ್ರೆಗೆ ಸೇರಿದ್ದಿರಾ ಎಂದು ಸಾಲುಸಾಲಾಗಿ ಪ್ರಶ್ನೆಗಳಿರುತ್ತವೆ. ಊರಿನ ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟದ್ದು ಇಲ್ಲಿಯವರಿಗೆ ಹೇಗೆ ಗೊತ್ತಾಗುತ್ತದೆ ಎಂದುಕೊಂಡು ಥೈರಾಯ್ಡ್ ವಿಷಯ ಬಿಟ್ಟು ಬರೆದರೆ, ಮುಂದೆ ದೊಡ್ಡ ಬಿಲ್ಲು ಬಂದ ದಿನ ಸಂಸ್ಥೆ ಹಳೆಯ ದಾಖಲೆ ಕೇಳಿ ಒಪ್ಪಂದವನ್ನೇ ರದ್ದುಮಾಡಬಹುದು. ಏಜೆಂಟರು ‘ಇದನ್ನೆಲ್ಲ ಬರೆಯಬೇಕಿಲ್ಲ’ ಎಂದರೆ ಅವರ ಮಾತು ಕೇಳಬೇಡಿ, ಸಹಿ ನಿಮ್ಮದಾಗಿರುತ್ತದೆ.

ಬಸಿರು, ಬಾಣಂತನಗಳ ವಿಷಯದಲ್ಲಿ ಸಾರ್ವಜನಿಕ ವಿಮೆಯ ಸೌಲಭ್ಯ ನಿಜಕ್ಕೂ ದೊಡ್ಡದು. ತಪಾಸಣೆಗಳು ಮತ್ತು ಹೆರಿಗೆಯ ಖರ್ಚಿನ ಜೊತೆಗೆ, ‘ಹೆಬಾಮ್ಮೆ’ ಎಂದು ಕರೆಯುವ ತರಬೇತಾದ ಸೂಲಗಿತ್ತಿ ಮನೆಗೇ ಬರುವ ಖರ್ಚನ್ನೂ ವಿಮೆಯೇ ಕೊಡುತ್ತದೆ. ಹೆರಿಗೆಯಾದ ಮೊದಲ ಹತ್ತು ದಿನ ಆಕೆ ದಿನವೂ ಬರಬಹುದು, ಅನಂತರವೂ ಹನ್ನೆರಡು ವಾರಗಳವರೆಗೆ ಬಂದು ಮಗುವಿನ ತೂಕ ನೋಡಿ, ಹೊಕ್ಕುಳು ನೋಡಿ, ಹಾಲು ಕುಡಿಸುವುದನ್ನು ತಿದ್ದಿ ಹೋಗುತ್ತಾಳೆ. ಅಮ್ಮನೋ ಅತ್ತೆಯೋ ಜೊತೆಯಲ್ಲಿಲ್ಲದ ಬಾಣಂತಿಗೆ ಇದು ಎಷ್ಟು ದೊಡ್ಡ ಆಸರೆ ಎಂಬುದನ್ನು ಅನುಭವಿಸಿದವರೇ ಬಲ್ಲರು. ಆದರೆ ಹೆಬಾಮ್ಮೆ ಸಿಗುವುದು ಸುಲಭವಲ್ಲ. ಬಸಿರೆಂದು ತಿಳಿದ ಕೂಡಲೇ ಹುಡುಕಲು ತೊಡಗಿ.

ಸಾಮಾನ್ಯ ಔಷಧಿಗೆ ಬೆಲೆಯ ಶೇ. 10, ಅಂದರೆ ಕನಿಷ್ಠ 5 ಮತ್ತು ಗರಿಷ್ಠ 10 ಯೂರೋ ನಾವು ಕೊಡಬೇಕು. ಆಸ್ಪತ್ರೆಗೆ ಸೇರಿದರೆ ದಿನಕ್ಕೆ 10 ಯೂರೋ, ವರ್ಷದಲ್ಲಿ 28 ದಿನಗಳ ಮಟ್ಟಿಗೆ ಮಾತ್ರ. ಹೆರಿಗೆಗೆಂದು ಸೇರಿದರೆ ಅದೂ ಇಲ್ಲ.

ಕುಟುಂಬ ವಿಮೆಯ ಕಾಗದಪತ್ರಗಳ ಬಗ್ಗೆ ನಮ್ಮ ಕಡೆಯವರು ವಿಶೇಷವಾಗಿ ಎಚ್ಚರ ವಹಿಸಬೇಕು. ನಮ್ಮಲ್ಲಿ ಇನಿಶಿಯಲ್ಲನ್ನು ಬಿಡಿಸಿ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರೆಂದು ಬರೆಸಿರುತ್ತಾರೆ. ಒಬ್ಬರಿಗೆ ಊರಿನ ಹೆಸರು, ಇನ್ನೊಬ್ಬರಿಗೆ ತಂದೆಯ ಹೆಸರು, ಮಗುವಿಗೆ ಇನ್ನೇನೋ. ಒಂದೇ ಮನೆಯ ಮೂವರಿಗೆ ಮೂರು ಅಡ್ಡಹೆಸರಿದ್ದರೆ ವಿಮಾ ಸಂಸ್ಥೆ ಸಂಬಂಧಕ್ಕೆ ಪುರಾವೆ ಕೇಳುತ್ತದೆ. ಮದುವೆಯ ನೋಂದಣಿ ಪತ್ರ ಮತ್ತು ಮಗಳ ಜನನ ಪ್ರಮಾಣಪತ್ರಗಳ ಜರ್ಮನ್ ಅನುವಾದವನ್ನು ಅಧಿಕೃತ ಅನುವಾದಕರಿಂದ ಮಾಡಿಸಿ ಇಟ್ಟುಕೊಳ್ಳಿ. ಪತ್ನಿ ಮತ್ತು ಮಗಳು ಇಲ್ಲಿ ವಾಸ ಆರಂಭಿಸಿದ ದಿನದಿಂದ ಕುಟುಂಬ ವಿಮೆ ಅನ್ವಯಿಸುತ್ತದೆ. ಆದ್ದರಿಂದ ಅವರು ಬಂದ ಕೂಡಲೇ ವಿಳಾಸ ನೋಂದಣಿ ಮಾಡಿಸಿ ಅರ್ಜಿ ಕಳುಹಿಸಿ.

ಉತ್ತರ 3 (ಬರ್ಲಿನ್‌ನಿಂದ)

ಚರ್ಚೆ ಒಂದೇ ಕಡೆ ವಾಲಬಾರದೆಂದು ಬರೆಯುತ್ತಿದ್ದೇನೆ. ನಾನು ಮತ್ತು ನನ್ನ ಪತ್ನಿ ಇಬ್ಬರೂ ಮಿತಿಗಿಂತ ಹೆಚ್ಚು ಸಂಪಾದಿಸುವವರು, ಮಕ್ಕಳಿಲ್ಲ, ಖಾಸಗಿ ವಿಮೆಯಲ್ಲಿದ್ದೇವೆ ಮತ್ತು ಅದರಿಂದ ತೃಪ್ತರಾಗಿದ್ದೇವೆ. ತಜ್ಞ ವೈದ್ಯರ ಭೇಟಿಗೆ ಸಾರ್ವಜನಿಕ ವಿಮೆಯವರು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯುವಾಗ ನಮಗೆ ಬೇಗ ಸಮಯ ಸಿಗುತ್ತದೆ. ಹಲ್ಲಿನ ಚಿಕಿತ್ಸೆ, ಕನ್ನಡಕಗಳಿಗೂ ಹೆಚ್ಚು ಹಣ ಬರುತ್ತದೆ. ಆದರೆ ವೈದ್ಯರ ಬಿಲ್ಲು ಮೊದಲು ನಮ್ಮ ಹೆಸರಿಗೇ ಬರುತ್ತದೆ. ಅದನ್ನು ನಾವು ಕಟ್ಟಿ, ಅನಂತರ ಸಂಸ್ಥೆಯಿಂದ ಹಣ ಪಡೆಯಬೇಕು. ನಿವೃತ್ತಿಯಾದ ಮೇಲೆ ಆದಾಯ ಇಳಿದರೂ ಕಂತು ಅದಕ್ಕೆ ತಕ್ಕಂತೆ ಇಳಿಯುವುದಿಲ್ಲ ಎಂಬುದನ್ನು ತಿಳಿದೇ ನಾವು ಪ್ರತ್ಯೇಕವಾಗಿ ಉಳಿತಾಯ ಮಾಡುತ್ತಿದ್ದೇವೆ. ಪ್ರಶ್ನೆ ಕೇಳಿದವರ ಪರಿಸ್ಥಿತಿಯಲ್ಲಿ ನಾನಿದ್ದಿದ್ದರೆ ನಾನೂ ಸಾರ್ವಜನಿಕ ವಿಮೆಯನ್ನೇ ಆರಿಸುತ್ತಿದ್ದೆ.

ಒಂದು ಎಚ್ಚರಿಕೆ. ‘ಎಕ್ಸ್‌ಪ್ಯಾಟ್ ವಿಮೆ’ ಎಂಬ ಹೆಸರಿನಲ್ಲಿ ತೀರ ಕಡಿಮೆ ದರಕ್ಕೆ ಮಾರುವ, ಕೆಲವೇ ವರ್ಷಗಳ ಅವಧಿಯ ಪಾಲಿಸಿಗಳು ಈ ಎರಡೂ ವರ್ಗಕ್ಕೆ ಸೇರಿದವಲ್ಲ. ಅವುಗಳಲ್ಲಿ ಹಳೆಯ ಕಾಯಿಲೆ, ಬಸಿರು ಮುಂತಾದವನ್ನು ಬಿಟ್ಟಿರುವುದು ಸಾಮಾನ್ಯ, ಮತ್ತು ವಾಸದ ಪರವಾನಗಿ ನವೀಕರಿಸುವಾಗ ವಿದೇಶಿಯರ ಕಚೇರಿ ಅವುಗಳನ್ನು ಒಪ್ಪದೆ ಹೋಗಬಹುದು. ನಿಮಗೆ ತೋರಿಸಿರುವ 420 ಯೂರೋ ಪಾಲಿಸಿ ಪೂರ್ಣ ಪ್ರಮಾಣದ ಖಾಸಗಿ ವಿಮೆಯೇ ಅಲ್ಲವೇ ಎಂದು ಮೊದಲು ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಸಾರ್ವಜನಿಕ ವಿಮೆಗೇ ಹೋಗುವುದೆಂದು ಮನೆಯಲ್ಲಿ ಮಾತಾಡಿಕೊಂಡೆವು. ಇನ್ನೆರಡು ಸಂದೇಹಗಳು ಉಳಿದಿವೆ. ವಿಮಾನ ಇಳಿದ ದಿನಕ್ಕೂ ಕೆಲಸ ಆರಂಭವಾಗುವ ದಿನಕ್ಕೂ ನಡುವೆ ಎರಡು ವಾರಗಳಿವೆ. ಆ ಅವಧಿಗೆ ಏನು ಮಾಡಬೇಕು? ದಾವಣಗೆರೆಯಲ್ಲಿರುವ ನನ್ನ ತಾಯಿಯವರಿಗೆ 66 ವರ್ಷ, ಸಕ್ಕರೆ ಕಾಯಿಲೆಯಿದೆ. ಮುಂದೆ ಬಾಣಂತನಕ್ಕೆ ಅವರನ್ನು ಕರೆಸಿಕೊಳ್ಳುವ ಆಸೆಯಿದೆ. ಅವರನ್ನೂ ಕುಟುಂಬ ವಿಮೆಯಲ್ಲಿ ಸೇರಿಸಬಹುದೇ?

ಉತ್ತರ 1 ಬರೆದವರಿಂದ

ನಡುವಿನ ಎರಡು ವಾರಕ್ಕೆ ಸಾರ್ವಜನಿಕ ವಿಮೆ ಅನ್ವಯಿಸುವುದಿಲ್ಲ, ಅದು ಕೆಲಸದ ಮೊದಲ ದಿನದಿಂದಷ್ಟೇ. ಇಳಿಯುವ ದಿನದಿಂದ ಕೆಲಸ ಆರಂಭವಾಗುವವರೆಗೆ ‘ಇನ್‌ಕಮಿಂಗ್ ವಿಮೆ’ ಎಂಬ ಅಲ್ಪಾವಧಿಯ ಪಾಲಿಸಿ ತೆಗೆದುಕೊಳ್ಳಿ. ವೀಸಾಕ್ಕೆಂದು ಈಗಾಗಲೇ ತೆಗೆದುಕೊಂಡಿದ್ದರೆ ಅದರ ಕೊನೆಯ ದಿನಾಂಕ ನೋಡಿಕೊಳ್ಳಿ. ಕೆಲಸ ಆರಂಭವಾಗುವುದು ಒಂದು ವಾರ ಮುಂದೆ ಹೋದರೂ ತೊಂದರೆಯಾಗದಂತೆ ಕೆಲವು ದಿನ ಹೆಚ್ಚಾಗಿಯೇ ಇರಲಿ.

ವಿಮಾ ಸಂಸ್ಥೆಯ ಆಯ್ಕೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಟಿ.ಕೆ., ಎ.ಓ.ಕೆ., ಬಾರ್ಮರ್ ಮುಂತಾಗಿ ಹಲವು ಸಂಸ್ಥೆಗಳಿವೆ, ಆದರೆ ಸೌಲಭ್ಯಗಳಲ್ಲಿ ಬಹುಪಾಲು ಕಾನೂನಿನಲ್ಲೇ ನಿಗದಿಯಾಗಿರುವುದರಿಂದ ವ್ಯತ್ಯಾಸ ಕಡಿಮೆ. ಹೆಚ್ಚುವರಿ ಕಂತಿನ ದರ ಮತ್ತು ಇಂಗ್ಲಿಷಿನಲ್ಲಿ ಉತ್ತರಿಸುವ ಸಿಬ್ಬಂದಿ ಇದ್ದಾರೆಯೇ ಎಂಬುದನ್ನು ನೋಡಿ ಒಂದನ್ನು ಆರಿಸಿ.

ತಾಯಿಯವರ ವಿಷಯ ಕಷ್ಟದ್ದು. ಕುಟುಂಬ ವಿಮೆಯಲ್ಲಿ ಸಂಗಾತಿ ಮತ್ತು ಮಕ್ಕಳಿಗೆ ಮಾತ್ರ ಜಾಗವಿದೆ, ತಂದೆತಾಯಿಗಳಿಗೆ ಇಲ್ಲ. ಬಾಣಂತನಕ್ಕೆಂದು ಮೂರು ತಿಂಗಳೊಳಗಿನ ಭೇಟಿಯಾದರೆ ಷೆಂಗೆನ್ ವೀಸಾದಲ್ಲಿ ಬರಬಹುದು. ಅದಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಆದರೆ ಈ ವಿಮೆ ಹಠಾತ್ತಾಗಿ ಬಂದ ಕಾಯಿಲೆಗೆಂದು ಇರುವುದರಿಂದ ಮೊದಲೇ ಇದ್ದ ಸಕ್ಕರೆ ಕಾಯಿಲೆಯ ಚಿಕಿತ್ಸೆಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಹಳೆಯ ಕಾಯಿಲೆ ಏಕಾಏಕಿ ಉಲ್ಬಣಿಸಿದರೆ ಏನು ಎಂಬ ಷರತ್ತನ್ನು ಪಾಲಿಸಿಯಲ್ಲಿ ಓದಿಯೇ ಕೊಳ್ಳಿ, ಬೆಲೆ ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ. ಮೂರು ತಿಂಗಳಿಗೆ ಸಾಕಾಗುವಷ್ಟು ಮಾತ್ರೆಗಳನ್ನು, ವೈದ್ಯರು ಇಂಗ್ಲಿಷಿನಲ್ಲಿ ಬರೆದ ಚೀಟಿಯೊಂದಿಗೆ, ಕೈಚೀಲದಲ್ಲೇ ತರಲಿ.

ಶಾಶ್ವತವಾಗಿ ಕರೆಸಿಕೊಳ್ಳುವ ಬಗ್ಗೆಯೂ ಮುಂದೆ ನೀವು ಕೇಳುತ್ತೀರಿ. 2024ರ ಮಾರ್ಚ್ 1ರಿಂದ ಈಚೆಗೆ ಮೊದಲ ಬಾರಿಗೆ ಬ್ಲೂ ಕಾರ್ಡ್ ಪಡೆದವರು ತಂದೆತಾಯಿಗಳನ್ನು ಕರೆಸಿಕೊಳ್ಳಲು ಕಾನೂನು ಅವಕಾಶ ಮಾಡಿಕೊಟ್ಟಿದೆ. ಅವರ ಜೀವನ ನಿರ್ವಹಣೆ ಮತ್ತು ಪೂರ್ಣ ಪ್ರಮಾಣದ ಆರೋಗ್ಯ ವಿಮೆಯನ್ನು ನೀವೇ ತೋರಿಸಬೇಕೆಂಬುದು ಅದರ ಷರತ್ತು. ಆ ವಯಸ್ಸಿನಲ್ಲಿ ಸಾರ್ವಜನಿಕ ವಿಮೆಗೆ ಸೇರಲು ದಾರಿಯಿಲ್ಲ, ಸಕ್ಕರೆ ಕಾಯಿಲೆಯಿರುವ 66 ವರ್ಷದವರಿಗೆ ಖಾಸಗಿ ಸಂಸ್ಥೆಗಳು ಸುಲಭವಾಗಿ ಒಪ್ಪುವುದೂ ಇಲ್ಲ. ಹೆಚ್ಚಿನವರ ಅರ್ಜಿ ನಿಂತುಹೋಗುವುದು ಈ ಕಾರಣದಿಂದಲೇ. ಆದ್ದರಿಂದ ತಾಯಿಯವರಿಗೆ ಊರಿನಲ್ಲಿ ಈಗಿರುವ ಆರೋಗ್ಯ ವಿಮೆಯನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ. ನೀವು ಇಲ್ಲಿಗೆ ಬಂದ ಮೇಲೂ ಅದರ ಕಂತು ತಪ್ಪದಂತೆ, ಹೊರಡುವ ಮೊದಲೇ ನಿಮ್ಮ ಬ್ಯಾಂಕ್ ಖಾತೆಯಿಂದ ತಾನಾಗಿ ಪಾವತಿಯಾಗುವ ವ್ಯವಸ್ಥೆ ಮಾಡಿಸಿ ಬನ್ನಿ.