ಸೇವಿಂಗ್ಸ್ ಖಾತೆ ಮೈನಸ್ 3,894: ಹುಡುಗನಿಗೆ ಏನು ಹೇಳುವುದು?

ಮಂಜೇಶ್ವರದಿಂದ ಚಿಕ್ಕಮ್ಮ:
ಅಕ್ಕನ ಮಗನಿಗೆ 22 ವರ್ಷ. ಮಂಗಳೂರಿನ ಕೆಲಸ ಸೆಪ್ಟೆಂಬರಿನಲ್ಲಿ ಬಿಟ್ಟ. ಸಂಬಳದ ಖಾತೆ ತನ್ನಷ್ಟಕ್ಕೆ ಸಾಮಾನ್ಯ ಸೇವಿಂಗ್ಸ್ ಆಗಿಬಿಟ್ಟಿದೆ. ಮೊಬೈಲಿನ ಇಎಂಐ 2,150 ಹೋಗುತ್ತಿದ್ದದ್ದು ಅಲ್ಲಿಂದಲೇ. ಈಗ ಸ್ಟೇಟ್‌ಮೆಂಟಿನಲ್ಲಿ ಮೈನಸ್ 3,894. ಲೆಕ್ಕ ಹೀಗುಂಟು: ಮಿನಿಮಮ್ ಬ್ಯಾಲೆನ್ಸ್ ದಂಡ 413ರಂತೆ ಮೂರು ತಿಂಗಳು, ಹಣವಿಲ್ಲದೆ ಇಎಂಐ ವಾಪಸಾದ (ರಿಟರ್ನ್) ಚಾರ್ಜು 590ರಂತೆ ನಾಲ್ಕು ಸಲ (ಒಂದೊಂದು ಕಂತಿಗೆ ಎರಡೆರಡು ಸಲ), ಎಟಿಎಂ ಕಾರ್ಡಿನ ವಾರ್ಷಿಕ 295. ಓವರ್‌ಡ್ರಾಫ್ಟ್ (ಖಾತೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ತೆಗೆಯುವ ಸಾಲ) ಬೇಕೆಂದು ಅವನು ಎಲ್ಲಿಯೂ ಸಹಿ ಹಾಕಿಲ್ಲ. ಹೊಸ ಕೆಲಸ ಸಿಕ್ಕಿದೆ, ಸಂಬಳ ಬಿದ್ದ ಕೂಡಲೇ ಹಿಡಿದುಕೊಳ್ಳುತ್ತಾರೆ ಎಂಬ ಹೆದರಿಕೆ. ಇಂಥದ್ದನ್ನು ಬಗೆಹರಿಸಿದವರು ದಯವಿಟ್ಟು ಹೇಳಿ.

ಬದಿಯಡ್ಕದಿಂದ:
ಒಂದು ಪೈಸೆ ಕಟ್ಟಬೇಡಿ. ರಿಸರ್ವ್ ಬ್ಯಾಂಕಿನ 20 ನವೆಂಬರ್ 2014ರ ಸುತ್ತೋಲೆ ಉಂಟು, 1 ಏಪ್ರಿಲ್ 2015ರಿಂದ ಜಾರಿ. ಬ್ಯಾಲೆನ್ಸ್ ಕಡಿಮೆಯಾದರೆ ಮೊದಲು ಎಸ್ಸೆಮ್ಮೆಸ್, ಇಮೇಲ್ ಅಥವಾ ಪತ್ರದ ಮೂಲಕ ತಿಳಿಸಬೇಕು. ತುಂಬಲು ಕನಿಷ್ಠ ಒಂದು ತಿಂಗಳು ಕೊಡಬೇಕು. ಆಮೇಲೆ ಹಾಕುವ ದಂಡವೂ ಕೊರತೆಯ ಪ್ರಮಾಣಕ್ಕೆ ತಕ್ಕಂತೆ ಇರಬೇಕು, ಬಾಯಿಗೆ ಬಂದಷ್ಟಲ್ಲ. ಕೊನೆಗೆ ಸ್ಪಷ್ಟವಾಗಿ ಬರೆದಿದ್ದಾರೆ: ಈ ದಂಡದ ಕಾರಣದಿಂದಲೇ ಸೇವಿಂಗ್ಸ್ ಖಾತೆ ಮೈನಸ್‌ಗೆ ಇಳಿಯಬಾರದು. ನಾವು ಇದನ್ನೇ ಬರೆದುಕೊಟ್ಟು ವಾಪಸ್ ಪಡೆದದ್ದು. ಕೌಂಟರಿನಲ್ಲಿ "ಸಿಸ್ಟಮ್ ತಾನೇ ಹಾಕುವುದು, ನಮ್ಮ ಕೈಯಲ್ಲಿಲ್ಲ" ಎನ್ನುತ್ತಾರೆ. ಸಿಸ್ಟಮ್ ಯಾರದ್ದು? ಬಿಡಬೇಡಿ.

ಕುಂಬಳೆಯಿಂದ:
ಅರ್ಧ ಹೇಳಿ ಹುಡುಗನನ್ನು ಇನ್ನಷ್ಟು ಹೊಂಡಕ್ಕೆ ಹಾಕಬೇಡಿ ಮಾರಾಯ್ರೆ. ಆ ಸುತ್ತೋಲೆ ಮಿನಿಮಮ್ ಬ್ಯಾಲೆನ್ಸ್ ದಂಡಕ್ಕೆ ಮಾತ್ರ. ಚಿಕ್ಕಮ್ಮ ಕೊಟ್ಟ ಲೆಕ್ಕದಲ್ಲಿ ಅದು 1,239. ಇಎಂಐ ರಿಟರ್ನಿನ 2,360 ಬೇರೆ ಬಾಬ್ತು, ಕಾರ್ಡಿನ 295 ಇನ್ನೂ ಬೇರೆ. ಮೂರನ್ನೂ ಒಂದೇ ಅರ್ಜಿಯಲ್ಲಿ ಕಲಸಿ "ಎಲ್ಲ ಅಕ್ರಮ" ಎಂದು ಬರೆದರೆ ಬ್ಯಾಂಕಿನವರು ರಿಟರ್ನ್ ಚಾರ್ಜಿಗೆ ಉತ್ತರ ಕೊಟ್ಟು ಮುಗಿಸುತ್ತಾರೆ, ದಂಡದ ಪ್ರಶ್ನೆ ಅಲ್ಲೇ ಹೂತುಹೋಗುತ್ತದೆ. ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು ಮೂರು ಬಣ್ಣದಲ್ಲಿ ಗುರುತು ಹಾಕಿ. ದಂಡದ ಪ್ರತಿ ಸಾಲಿನ ಪಕ್ಕ ಬರೆಯಿರಿ: ಯಾವ ದಿನ ಕಡಿತವಾಯಿತು, ಅದಕ್ಕೆ ಮುಂಚೆ ಎಸ್ಸೆಮ್ಮೆಸ್ ಬಂದಿತ್ತೇ, ಯಾವ ದಿನ, ಆ ದಿನ ಖಾತೆಯಲ್ಲಿ ಎಷ್ಟಿತ್ತು.

ಇನ್ನೊಂದು. 413 ಎಂದರೆ 350ಕ್ಕೆ ಶೇ. 18 ಜಿಎಸ್‌ಟಿ 63 ಸೇರಿದ್ದು. ವಾಪಸ್ ಕೊಡುವಾಗ 350ರಂತೆ 1,050 ಮಾತ್ರ ಹಾಕಿ ಜಿಎಸ್‌ಟಿಯ 189 ಬಿಡುವುದುಂಟು. ಅರ್ಜಿಯಲ್ಲೇ "ತೆರಿಗೆ ಸಹಿತ 1,239" ಎಂದು ಬರೆಯಬೇಕು.

ಬದಿಯಡ್ಕದಿಂದ:
ನೀವು ಬ್ಯಾಂಕಿನ ಪರವಾಗಿ ವಾದ ಮಾಡಲು ಬಂದದ್ದೋ? ಕೆಲಸ ಕಳೆದುಕೊಂಡ ಹುಡುಗನ ಒಂದೇ ಕಂತಿಗೆ ಎರಡೆರಡು ಸಲ ಹೊಡೆದು 1,180 ಕಿತ್ತದ್ದು ನಿಮಗೆ ನ್ಯಾಯವಾಗಿ ಕಾಣುತ್ತದಾ?

ಕುಂಬಳೆಯಿಂದ:
ನ್ಯಾಯ ಅಂತ ಎಲ್ಲಿ ಹೇಳಿದೆ? ಗೆಲ್ಲುವ ದಾರಿ ಹೇಳುತ್ತಿದ್ದೇನೆ. ಒಂದೇ ಕಂತನ್ನು ಎರಡು ಸಲ ಕಳಿಸಿದ್ದು ಸಾಲ ಕೊಟ್ಟ ಫೈನಾನ್ಸಿನವರು, ಎರಡು ಸಲವೂ ಚಾರ್ಜು ಹಾಕಿದ್ದು ಬ್ಯಾಂಕು. ಹಾಗಾಗಿ ಎರಡು ಕಡೆಗೂ ಬರೆಯಬೇಕು. ಎರಡನೇ ಸಲದ 590 ಬಿಡಿ ಎಂದು ಬ್ಯಾಂಕಿನಲ್ಲಿ ಕೇಳಬಹುದು, ಮ್ಯಾನೇಜರ್ ಮನಸ್ಸು ಮಾಡಿದರೆ ಆಗುತ್ತದೆ, ಆದರೆ ಹಕ್ಕಿನಿಂದ ಸಿಗುವುದಲ್ಲ. ಹಕ್ಕಿನಿಂದ ಸಿಗುವುದನ್ನು ಮೊದಲು ಹಿಡಿಯಿರಿ.

ಉಪ್ಪಳದಿಂದ:
ನೀವಿಬ್ಬರೂ ಹಳೆಯ ಚಾರ್ಜಿನಲ್ಲೇ ಜಗಳ ಕಾಯ್ತಾ ಇದ್ದೀರಿ. ಮುಂದಿನ ತಿಂಗಳು ಐದನೆಯ 590 ಬೀಳುತ್ತದಲ್ಲ, ಅದನ್ನು ಯಾರು ತಡೆಯುವುದು? ಮೊದಲ ಕೆಲಸ ಮ್ಯಾಂಡೇಟ್, ಅಂದರೆ ಖಾತೆಯಿಂದ ಕಂತು ತನ್ನಷ್ಟಕ್ಕೆ ಕಡಿಯಲು ಕೊಟ್ಟ ಒಪ್ಪಿಗೆ, ನಿಲ್ಲಿಸುವುದು. ನೆಟ್‌ಬ್ಯಾಂಕಿಂಗಿನಲ್ಲಿ ನಾಚ್ (ಬ್ಯಾಂಕ್ ಖಾತೆಗಳಿಂದ ಕಂತು ವಸೂಲು ಮಾಡುವ ವ್ಯವಸ್ಥೆ) ಮ್ಯಾಂಡೇಟ್ ಪಟ್ಟಿ ನೋಡಿ, ಅದರ ಯುಎಂಆರ್‌ಎನ್ ನಂಬರ್ (ಮ್ಯಾಂಡೇಟಿನ ಗುರುತಿನ ಸಂಖ್ಯೆ) ಬರೆದುಕೊಂಡು ಅಲ್ಲೇ ರದ್ದು ಮಾಡಿ, ಆಗದಿದ್ದರೆ ಬ್ರಾಂಚಿನಲ್ಲಿ ಲಿಖಿತವಾಗಿ ಕೊಡಿ. ಯುಪಿಐ ಆಟೋಪೇ ಆದರೆ ಆ್ಯಪಿನಲ್ಲೇ ರದ್ದಾಗುತ್ತದೆ. ಓಟಿಟಿ, ಜಿಮ್, ಇನ್ಶೂರೆನ್ಸ್ ಏನೇನು ಅಂಟಿಕೊಂಡಿದೆ ಎಂದೂ ಅಲ್ಲೇ ನೋಡಿಬಿಡಿ.

ಮ್ಯಾಂಡೇಟ್ ರದ್ದಾದರೆ ಸಾಲ ರದ್ದಾಗುವುದಿಲ್ಲ. ಫೈನಾನ್ಸಿನವರ ಆ್ಯಪ್ ಅಥವಾ ಲಿಂಕಿನಲ್ಲಿ ಕಂತಿನ ದಿನಕ್ಕೆ ಮೂರು ನಾಲ್ಕು ದಿನ ಮುಂಚೆಯೇ ಕಟ್ಟಿಸಿ, ಇಲ್ಲದಿದ್ದರೆ ಬ್ಯಾಂಕಿನಿಂದ ಕಂತು ಕೇಳುವ ಅವರ ಫೈಲ್ ಆಗಲೇ ಹೊರಟಿರುತ್ತದೆ. ಭಾನುವಾರ ಡ್ಯೂ ಎಂದರೆ ಸೋಮವಾರ ಹಾಕಿದರಾಯಿತು ಎಂದು ಹಳಬರು ಹೇಳುತ್ತಾರೆ. 1 ಆಗಸ್ಟ್ 2021ರಿಂದ ನಾಚ್ ವಾರದ ಏಳು ದಿನವೂ ಓಡುತ್ತದೆ. ಭಾನುವಾರ ಬೆಳಿಗ್ಗೆಯೇ ಹೊಡೆಯುತ್ತಾರೆ, ಮ್ಯಾಂಡೇಟ್ ಇದ್ದರೆ ಹಣ ಶನಿವಾರ ರಾತ್ರಿಯೇ ಖಾತೆಯಲ್ಲಿರಬೇಕು. ಪೇಮೆಂಟ್ ಆ್ಯಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆ 2007ರ ಸೆಕ್ಷನ್ 25ರಲ್ಲಿ ಇಎಂಐ ಬೌನ್ಸಿಗೂ ಚೆಕ್ ಬೌನ್ಸಿನ ಹಾಗೆಯೇ ಎರಡು ವರ್ಷದವರೆಗೆ ಶಿಕ್ಷೆಗೆ ಅವಕಾಶ ಉಂಟು. ಹೆದರಿಸಲು ಹೇಳಿದ್ದಲ್ಲ, "ಒಂದು ಪೈಸೆ ಕಟ್ಟಬೇಡಿ" ಎಂದು ಮೇಲೆ ಬರೆದದ್ದನ್ನು ಹುಡುಗ ಇಎಂಐಗೂ ಹಚ್ಚಿಕೊಂಡಾನು ಎಂದು ಹೇಳಿದೆ.

ಫೈನಾನ್ಸಿನವರ ದಂಡವನ್ನೂ ಪರೀಕ್ಷಿಸಿ. ರಿಸರ್ವ್ ಬ್ಯಾಂಕಿನ 18 ಆಗಸ್ಟ್ 2023ರ ಆದೇಶದ ಪ್ರಕಾರ ದಂಡವನ್ನು ಬಡ್ಡಿಯಾಗಿ ಹಾಕುವಂತಿಲ್ಲ, ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಎಳೆಯುವಂತಿಲ್ಲ. ಸಾಲದ ಸ್ಟೇಟ್‌ಮೆಂಟ್ ಕೇಳಿ ತೆಗೆದುಕೊಂಡರೆ ಗೊತ್ತಾಗುತ್ತದೆ.

ಪೆರ್ಲದಿಂದ:
ಇಷ್ಟೆಲ್ಲ ತಲೆನೋವು ಯಾಕೆ? ಊರಿನ ಸರ್ವೀಸ್ ಸಹಕಾರಿ ಬ್ಯಾಂಕಿನಲ್ಲಿ ಖಾತೆ ಮಾಡಿಸಿ. ಮಿನಿಮಮ್ ಬ್ಯಾಲೆನ್ಸಿನ ಕಿರಿಕಿರಿ ಇಲ್ಲ, ಸೆಕ್ರೆಟರಿ ನಮ್ಮವರೇ, ಕನ್ನಡದಲ್ಲಿ ಮಾತಾಡಬಹುದು. ನಮ್ಮ ಮನೆಯ ಮಕ್ಕಳಿಗೆಲ್ಲ ಅಲ್ಲೇ ಮಾಡಿಸಿದ್ದು, ಇವತ್ತಿನವರೆಗೆ ಒಂದು ರೂಪಾಯಿ ಅನ್ಯಾಯವಾಗಿ ಹೋಗಿಲ್ಲ.

ಉಪ್ಪಳದಿಂದ:
ಸಂಬಳ ಹಾಕುವ ಕಂಪನಿ ಸಹಕಾರಿ ಸಂಘದ ಖಾತೆ ಒಪ್ಪುತ್ತದಾ ಎಂದು ಮೊದಲು ಕೇಳಿ ಅಣ್ಣ. ಜತೆಗೆ, ಹೆಸರಿನಲ್ಲಿ ಬ್ಯಾಂಕ್ ಎಂದಿದ್ದರೂ ಇಂಥ ಪ್ರಾಥಮಿಕ ಸಹಕಾರಿ ಸಂಘಗಳಿಗೆ ಡಿಐಸಿಜಿಸಿಯ (ರಿಸರ್ವ್ ಬ್ಯಾಂಕಿನ ಠೇವಣಿ ವಿಮಾ ಸಂಸ್ಥೆ) 5 ಲಕ್ಷದ ವಿಮೆ ಇಲ್ಲ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನೂ (ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿ) ಇಲ್ಲ. ದೂರು ಇದ್ದರೆ ಸಹಕಾರಿ ರಿಜಿಸ್ಟ್ರಾರರ ಕಚೇರಿಗೇ ಹೋಗಬೇಕು.

ಪೆರ್ಲದಿಂದ:
ಕೇರಳ ರಾಜ್ಯದ್ದೇ ಠೇವಣಿ ಗ್ಯಾರಂಟಿ ನಿಧಿ ಉಂಟು, ಅದನ್ನು ಬೇಕೆಂದೇ ಬಿಟ್ಟು ಹೇಳುತ್ತೀರಿ. ಊರಿನ ಸಂಘವನ್ನು ಹೀಗಳೆಯುವುದು ಈಗ ಎಲ್ಲರಿಗೂ ಅಭ್ಯಾಸವಾಗಿದೆ. ಅಡಿಕೆಗೆ ಸಾಲ ಬೇಕಾದಾಗ ಮಾತ್ರ ಅದೇ ಬಾಗಿಲು ತಟ್ಟುತ್ತೀರಿ.

ಉಪ್ಪಳದಿಂದ:
ಠೇವಣಿಯ ವಿಷಯ ಇಲ್ಲಿ ಯಾರೂ ಕೇಳಿಲ್ಲ. ಹುಡುಗನಿಗೆ ಸಂಬಳ ಬೀಳುವ ಖಾತೆ ಬೇಕು.

ಮುಳ್ಳೇರಿಯದಿಂದ:
ಸಂಬಳಕ್ಕೆ ಬೇರೆ ಬ್ಯಾಂಕಿನಲ್ಲಿ ಬಿಎಸ್‌ಬಿಡಿ (ಮೂಲಭೂತ ಸೇವಿಂಗ್ಸ್) ಖಾತೆ ತೆರೆಯಿಸಿ. ಕೌಂಟರಿನಲ್ಲಿ ಈ ಹೆಸರು ಹಿಡಿದೇ ಕೇಳಬೇಕು, "ಝೀರೋ ಬ್ಯಾಲೆನ್ಸ್" ಎಂದರೆ ಇನ್ನೇನೋ ಅಂಟಿಸುತ್ತಾರೆ. ಮಿನಿಮಮ್ ಬ್ಯಾಲೆನ್ಸ್ ಇಲ್ಲ, ಹಣ ತುಂಬಲು ಮಿತಿ ಇಲ್ಲ, ಎಟಿಎಂ ಕಾರ್ಡಿಗೆ ಕಾಸಿಲ್ಲ, ತಿಂಗಳಿಗೆ ಕನಿಷ್ಠ ನಾಲ್ಕು ಸಲ ಉಚಿತವಾಗಿ ತೆಗೆಯಬಹುದು. ಅದೇ ಬ್ಯಾಂಕಿನಲ್ಲಿ ಇನ್ನೊಂದು ಸೇವಿಂಗ್ಸ್ ಇದ್ದರೆ 30 ದಿನದೊಳಗೆ ಮುಚ್ಚಬೇಕು. ಅದು ಬೇಡವಾದರೆ ಸ್ಟೇಟ್ ಬ್ಯಾಂಕ್ 2020ರಲ್ಲೇ ಮಿನಿಮಮ್ ಬ್ಯಾಲೆನ್ಸ್ ದಂಡ ತೆಗೆದಿದೆ, ಕೆನರಾ ಬ್ಯಾಂಕ್ 1 ಜೂನ್ 2025ರಿಂದ ತೆಗೆದಿದೆ.

ಹಳೆಯ ಬ್ಯಾಂಕಿನಲ್ಲೇ ಸಂಬಳ ಹಾಕಿಸಿದರೆ ಮೈನಸ್ ಇದ್ದಷ್ಟು ಮೊದಲು ನುಂಗುತ್ತದೆ, ಆಮೇಲೆ ಜಗಳ ಮಾಡಿ ತೆಗೆಯುವುದು ಕಷ್ಟ. ಬೇರೆ ಬ್ಯಾಂಕಿನ ಖಾತೆಗೆ ಅವರು ಕೈ ಹಾಕಲಾರರು.

ಬದಿಯಡ್ಕದಿಂದ:
ಅಂದರೆ ಓಡಿಹೋಗುವುದು. ಹಳೆಯ ಖಾತೆ ಹಾಗೇ ಬಿಟ್ಟರೆ ಮುಂದೆ ಮನೆಸಾಲಕ್ಕೆ ಹೋದಾಗ ಅದೇ ಬ್ಯಾಂಕು ಎದುರು ಬಂದರೆ?

ಮುಳ್ಳೇರಿಯದಿಂದ:
ಓಡಿಹೋಗಿ ಎಂದು ಯಾರು ಹೇಳಿದರು? ಸಂಬಳ ಬೇರೆ ಕಡೆ, ದೂರು ಇಲ್ಲಿ, ಎರಡೂ ಒಟ್ಟಿಗೆ ನಡೆಯಬೇಕು. ದೂರು ಇತ್ಯರ್ಥವಾದ ಮೇಲೆ ಉಳಿದದ್ದನ್ನು ಕಟ್ಟಿ ಮುಚ್ಚುವುದು. ಓದದೆ ಉತ್ತರ ಬರೆಯಬೇಡಿ.

ಹೊಸಂಗಡಿಯಿಂದ:
ದೂರಿನ ಕ್ರಮ ಯಾರೂ ಪೂರ್ತಿ ಹೇಳಲಿಲ್ಲ. ಮೊದಲು ಬ್ರಾಂಚಿಗೆ ಲಿಖಿತ ಅರ್ಜಿ, ನಕಲಿನ ಮೇಲೆ ದಿನಾಂಕ ಸಹಿತ ಸೀಲು. ಸೀಲು ಕೊಡದಿದ್ದರೆ ಅದೇ ಅರ್ಜಿಯನ್ನು ಬ್ಯಾಂಕಿನ ದೂರು ವಿಭಾಗಕ್ಕೆ ಇಮೇಲ್ ಮಾಡಿ ದೂರಿನ ನಂಬರ್ ತೆಗೆದಿಟ್ಟುಕೊಳ್ಳಿ. ಬಾಯಿಮಾತಿನ ದೂರು ಲೆಕ್ಕಕ್ಕಿಲ್ಲ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಪೋರ್ಟಲಿಗೆ ಹಾಕುವುದು, ಶುಲ್ಕ ಇಲ್ಲ. ಅದಕ್ಕಿಂತ ಮುಂಚೆ ಹೋದರೆ ತಿರಸ್ಕಾರವಾಗುತ್ತದೆ, ಹೆಚ್ಚಿನ ದೂರು ಬೀಳುವುದೇ ಇಲ್ಲಿ. ವಕೀಲರಿಂದ ಹಾಕಿಸಬೇಡಿ, ಹುಡುಗನೇ ಹಾಕಲಿ. ಅರ್ಜಿ ಕನ್ನಡದಲ್ಲೇ ಕೊಡಿ. ಕಾಸರಗೋಡಿನಲ್ಲಿ ನಾವು ಕೊಡದಿದ್ದರೆ ಇನ್ಯಾರು ಕೊಡುವುದು?

ಕುಂಬಳೆಯಿಂದ:
ಭಾಷಾಭಿಮಾನ ನನಗೂ ಉಂಟು. ಆದರೆ ಆ ಅರ್ಜಿಯನ್ನು ಓದುವವರು ಎರ್ನಾಕುಳದ ಕಚೇರಿಯಲ್ಲೋ ಮುಂಬಯಿಯಲ್ಲೋ ಇರುತ್ತಾರೆ. ಕನ್ನಡ ಅರ್ಜಿಯ ಜತೆ ಒಂದು ಪುಟ ಇಂಗ್ಲಿಷ್ ಇಟ್ಟರೆ ಏನು ಕಳೆದುಹೋಗುತ್ತದೆ?

ಹೊಸಂಗಡಿಯಿಂದ:
ಹೀಗೆ ಒಂದೊಂದೇ ಪುಟ ಬಿಟ್ಟುಕೊಟ್ಟೇ ಇಲ್ಲಿನ ಫಾರಮುಗಳಲ್ಲಿ ಕನ್ನಡ ಕಾಣೆಯಾದದ್ದು. ರಿಸರ್ವ್ ಬ್ಯಾಂಕಿನ 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಉತ್ತರ ಕೊಡುತ್ತಾರೆ. ಅವರಿಗೆ ಆಗುವುದು ಬ್ರಾಂಚಿಗೆ ಯಾಕೆ ಆಗುವುದಿಲ್ಲ?

ಮಂಜೇಶ್ವರದಿಂದ ಚಿಕ್ಕಮ್ಮ:
ಎಲ್ಲರಿಗೂ ಉಪಕಾರ. ಕನ್ನಡ ಅರ್ಜಿ ನಾನೇ ಬರೆದುಕೊಡುತ್ತೇನೆ, ಇಂಗ್ಲಿಷ್ ಪುಟ ಅವನು ಬರೆಯಲಿ. ಒಂದು ಸಂಶಯ: ಖಾತೆ ಮಂಗಳೂರಿನ ಬ್ರಾಂಚಿನದ್ದು, ಅರ್ಜಿ ಇಲ್ಲಿನ ಬ್ರಾಂಚಿನಲ್ಲಿ ಕೊಡಬಹುದಾ?

ಉಪ್ಪಳದಿಂದ:
ಕೊಡಬಹುದು ಅಕ್ಕ, ಆದರೆ ಹೋಮ್ ಬ್ರಾಂಚಿಗೂ (ಖಾತೆ ಇರುವ ಬ್ರಾಂಚು) ಇಮೇಲ್ ಹೋಗಲಿ. ಖಾತೆ ಉಳಿಸಿಕೊಳ್ಳುವ ಯೋಚನೆ ಇದ್ದರೆ ಹೋಮ್ ಬ್ರಾಂಚನ್ನೇ ಊರಿಗೆ ಬದಲಾಯಿಸಿ. ನಗರದ ಬ್ರಾಂಚಿಗೆ 10,000 ಮಿನಿಮಮ್ ಬ್ಯಾಲೆನ್ಸ್ ಕೇಳುವ ಖಾಸಗಿ ಬ್ಯಾಂಕುಗಳು ಗ್ರಾಮೀಣ ಬ್ರಾಂಚಿಗೆ ಕಡಿಮೆ ಕೇಳುವುದುಂಟು. ಅದು ದಿನದಿನದ ಬ್ಯಾಲೆನ್ಸ್ ಅಲ್ಲ, ತಿಂಗಳ ಸರಾಸರಿ: ಪ್ರತಿ ದಿನ ಮುಗಿಯುವಾಗ ಇದ್ದದ್ದನ್ನು ಕೂಡಿಸಿ ದಿನಗಳಿಂದ ಭಾಗಿಸುವುದು. 30 ದಿನದ ತಿಂಗಳಲ್ಲಿ ಮೂರು ದಿನ ಒಂದು ಲಕ್ಷ ಇದ್ದರೂ ಸರಾಸರಿ 10,000 ಆಯಿತು.

ಮುಳ್ಳೇರಿಯದಿಂದ:
ಮುಚ್ಚುವುದಾದರೆ ಕಾರ್ಡು, ಉಳಿದ ಚೆಕ್ ಹಾಳೆ ಒಪ್ಪಿಸಿ, ಯುಪಿಐಯಿಂದ ಆ ಖಾತೆ ತೆಗೆದು, ಮುಚ್ಚಿದ್ದಕ್ಕೆ ಪತ್ರ ಬರೆಸಿಕೊಳ್ಳಿ. ಫೈನಾನ್ಸಿನಲ್ಲಿ ಹೊಸ ಖಾತೆಯ ಮ್ಯಾಂಡೇಟ್ ನೋಂದಾಯಿಸಿದ ಮೇಲೆಯೇ ಇದನ್ನು ಮಾಡಬೇಕು. ಇಲ್ಲದಿದ್ದರೆ ಮುಚ್ಚಿದ ಖಾತೆಗೆ ಕಂತು ಹೊಡೆದು ಮತ್ತೆ ಬೌನ್ಸ್, ಅದು ಸಿಬಿಲ್‌ನಲ್ಲಿ (ಸಾಲ ತೀರಿಸುವಿಕೆಯ ದಾಖಲೆಯಲ್ಲಿ) ಕೂರುತ್ತದೆ.