ಐದು ರಾತ್ರಿಗೆ ಐದು ಬಿಡಾರ ಬೇಡ: ಸೆರೆಂಗೆಟಿ ಪ್ರವಾಸದ ಬಗ್ಗೆ ನಮ್ಮ ಮನೆಯ ಗುಂಪಿನಲ್ಲಿ

ಸುಮಾ: ಎಲ್ಲರಿಗೂ ನಮಸ್ಕಾರ. ತಾಂಜಾನಿಯಾದ ಪ್ರವಾಸ ಸಂಸ್ಥೆಯವರು ಕಳುಹಿಸಿದ ಕಾರ್ಯಕ್ರಮದ ಪಿಡಿಎಫ್ ಅನ್ನು ಮೇಲೆ ಹಾಕಿದ್ದೇನೆ. ಆಗಸ್ಟ್ ಎರಡನೆಯ ವಾರ ಅರುಷಾ ನಗರದಿಂದ ಹೊರಟು ತರಂಗಿರೆ ಉದ್ಯಾನ, ಮನ್ಯಾರಾ ಸರೋವರ, ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದ ನಡುಭಾಗದ ಸೆರೊನೆರಾ, ಅದರ ಉತ್ತರದಲ್ಲಿ ಮರಾ ನದಿಯ ಬಳಿಯ ಕೊಗಟೆಂಡೆ, ಕೊನೆಗೆ ಎನ್‌ಗೊರೊಂಗೊರೊ ಎಂಬ ಹಳೆಯ ಜ್ವಾಲಾಮುಖಿಯ ಬೋಗುಣಿ, ಹೀಗೆ ಒಂದೊಂದು ಕಡೆ ಒಂದೊಂದು ರಾತ್ರಿ. ಭಾನುವಾರದೊಳಗೆ ಮುಂಗಡ ಕಟ್ಟಬೇಕಾಗಿರುವುದರಿಂದ ಆಕ್ಷೇಪವಿದ್ದವರು ಇಂದೇ ತಿಳಿಸಬೇಕೆಂದು ಕೋರುತ್ತೇನೆ.

ಶ್ರೀಧರ ಚಿಕ್ಕಪ್ಪ: ಸುಮಾ, ನೀನು ಪಟ್ಟ ಶ್ರಮ ನನಗೆ ಗೊತ್ತು, ಆದರೂ ಈ ಪಟ್ಟಿಯನ್ನು ನಾನು ಒಪ್ಪಲಾರೆ. ಬಂಡೀಪುರ, ನಾಗರಹೊಳೆ ರಾಷ್ಟ್ರೀಯ ಉದ್ಯಾನಗಳೆರಡನ್ನೂ ಸೇರಿಸಿದರೆ ಸುಮಾರು 1,500 ಚದರ ಕಿಲೋಮೀಟರ್ ಆಗುತ್ತದೆ. ಸೆರೆಂಗೆಟಿಯೊಂದೇ 14,763 ಚದರ ಕಿಲೋಮೀಟರ್. ಅರುಷಾದಿಂದ ಸೆರೊನೆರಾಕ್ಕೆ ಮುನ್ನೂರು ಕಿಲೋಮೀಟರಿಗೂ ಮೇಲೆ, ಅದರಲ್ಲಿ ಎನ್‌ಗೊರೊಂಗೊರೊ ದಾಟಿದ ಮೇಲಿನದ್ದು ಮಣ್ಣುರಸ್ತೆ. ಅಲ್ಲಿಂದ ಕೊಗಟೆಂಡೆಗೆ ಇನ್ನೂ ಅರ್ಧ ದಿನ. ಈ ಪಟ್ಟಿಯಂತೆ ಹೋದರೆ ನಾವು ನೋಡುವುದು ಮುಂದಿನ ಗಾಡಿ ಎಬ್ಬಿಸಿದ ಧೂಳನ್ನು. ಲಲಿತಕ್ಕನಿಗೆ ಈಗ 74 ವರ್ಷ, ಅವಳ ಮಂಡಿಯ ಸ್ಥಿತಿ ನಮಗೆಲ್ಲ ತಿಳಿದದ್ದೇ.

ಅನಿರುದ್ಧ: ಚಿಕ್ಕಪ್ಪ, ದೂರದ ಮಾತನ್ನು ಒಪ್ಪುತ್ತೇನೆ. ಆದರೆ ಆಗಸ್ಟ್ ತಿಂಗಳನ್ನು ಬಿಡಬಾರದು. ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳು ಲಕ್ಷಗಟ್ಟಲೆಯಾಗಿ ಮರಾ ನದಿಯನ್ನು ದಾಟುವುದು ಜುಲೈನಿಂದ ಅಕ್ಟೋಬರ್‌ವರೆಗಿನ ದಿನಗಳಲ್ಲಿ. ಅಷ್ಟು ಹಣ, ಅಷ್ಟು ದೂರ, ಇನ್ನೊಮ್ಮೆ ಹೋಗುವ ಯೋಗ ಬರುತ್ತದೋ ಇಲ್ಲವೋ. ಅದನ್ನು ಕಾಣದೆ ಹಿಂತಿರುಗಿದರೆ ನನ್ನ ಮನಸ್ಸಿನಲ್ಲಿ ಅದೊಂದು ಕೊರತೆಯಾಗಿಯೇ ಉಳಿಯುತ್ತದೆ.

ಶ್ರೀಧರ ಚಿಕ್ಕಪ್ಪ: ನಿನ್ನ ಆಸೆಯಲ್ಲಿ ತಪ್ಪಿಲ್ಲ. ಆದರೆ ನದಿ ದಾಟುವುದಕ್ಕೆ ಅವು ಮುಹೂರ್ತ ಇಟ್ಟುಕೊಂಡು ಬರುವುದಿಲ್ಲವಲ್ಲ. ಸಾವಿರಾರು ಪ್ರಾಣಿಗಳು ದಡದಲ್ಲಿ ಗಂಟೆಗಟ್ಟಲೆ ನಿಂತು, ಒಂದು ಮೊಸಳೆಯ ಅಲುಗಾಟಕ್ಕೋ ಒಂದು ಗಾಡಿಯ ಸದ್ದಿಗೋ ಬೆದರಿ ಹಿಂದಕ್ಕೆ ಓಡಿಬಿಡುತ್ತವೆ. ಕೊಗಟೆಂಡೆಯಲ್ಲಿ ಒಂದೇ ರಾತ್ರಿ ಉಳಿದು ಅದನ್ನು ಕಂಡೇ ತೀರುತ್ತೇವೆ ಎನ್ನುವುದು ಜೂಜು. 2025ರ ಜುಲೈನಲ್ಲಿ ಎಲ್ಲ ಕಡೆ ಹರಿದಾಡಿದ ವಿಡಿಯೊವನ್ನು ನೀನೂ ನೋಡಿರಬೇಕು: ಪ್ರವಾಸಿಗರು ಗಾಡಿಗಳಿಂದ ಇಳಿದು ದಡದಲ್ಲಿ ಸಾಲುಗಟ್ಟಿ ನಿಂತಿದ್ದರು, ನೀರಿನಿಂದ ಮೇಲೆ ಬರುವ ಪ್ರಾಣಿಗಳಿಗೇ ದಾರಿಯಿರಲಿಲ್ಲ. ಆ ಗುಂಪಿನಲ್ಲಿ ನಮ್ಮ ಮನೆಯವರೂ ನಿಲ್ಲುವುದು ನನಗೆ ಸಹಿಸಲಾಗದ ಮಾತು.

ನನ್ನ ಸಲಹೆ ಫೆಬ್ರುವರಿ. ಆಗ ಹಿಂಡುಗಳೆಲ್ಲ ದಕ್ಷಿಣದ ಎನ್ಡುಟು ಬಯಲಿನಲ್ಲಿರುತ್ತವೆ, ಎರಡು ಮೂರು ವಾರಗಳ ಅವಧಿಯಲ್ಲಿಯೇ ಲಕ್ಷಗಟ್ಟಲೆ ಕರುಗಳು ಹುಟ್ಟುತ್ತವೆ, ಹುಟ್ಟಿದ ಕರು ಕೆಲವೇ ನಿಮಿಷಗಳಲ್ಲಿ ಎದ್ದು ತಾಯಿಯ ಹಿಂದೆ ಓಡುತ್ತದೆ. ಕೃಷಿ ಇಲಾಖೆಯಲ್ಲಿ ಮಣ್ಣು ಪರೀಕ್ಷೆ ಮಾಡಿಕೊಂಡೇ ನಿವೃತ್ತನಾದ ನನಗೆ ಇದರ ಕಾರಣವೂ ಅಷ್ಟೇ ಮುಖ್ಯ. ಎನ್‌ಗೊರೊಂಗೊರೊ ಸೀಮೆಯ ಜ್ವಾಲಾಮುಖಿಗಳು ಸಾವಿರಾರು ವರ್ಷ ಉಗುಳಿದ ಬೂದಿ ಆ ಬಯಲಿನ ಮೇಲೆ ಬಿದ್ದು, ಮಳೆಗೆ ಕರಗಿ, ಕೆಳಗೆ ಸುಣ್ಣದ ಗಟ್ಟಿ ಪದರವಾಗಿ ಕೂತಿದೆ. ಮರದ ಬೇರು ಅದನ್ನು ಸೀಳಲಾರದ್ದರಿಂದ ಅಲ್ಲಿ ಬೆಳೆಯುವುದು ಗಿಡ್ಡ ಹುಲ್ಲು ಮಾತ್ರ. ಆದರೆ ಹಾಲೂಡುವ ತಾಯಿಗೆ ಬೇಕಾದ ಸುಣ್ಣ, ರಂಜಕ ಎರಡೂ ಆ ಹುಲ್ಲಿನಲ್ಲಿ ಹೇರಳವಾಗಿವೆ. ಬಾಣಂತನಕ್ಕೆ ತವರಿಗೆ ಬಂದಂತೆ ಅವು ವರ್ಷವೂ ಅಲ್ಲಿಗೇ ಬರುತ್ತವೆ.

ವಿನುತಾ: ಚಿಕ್ಕಪ್ಪ, ತಾವು ಬರೆದದ್ದನ್ನು ಓದಿ ನನಗೂ ಫೆಬ್ರುವರಿಯಲ್ಲಿಯೇ ಹೋಗೋಣ ಎನ್ನಿಸಿತು. ಆದರೆ ದೊಡ್ಡವನಿಗೆ ಈ ಸಲ ಹತ್ತನೆಯ ತರಗತಿ, ಫೆಬ್ರುವರಿಯೆಂದರೆ ಪೂರ್ವಸಿದ್ಧತಾ ಪರೀಕ್ಷೆಗಳ ತಿಂಗಳು. ಆಗಸ್ಟ್‌ನಲ್ಲಿಯೂ ನನಗೆ ಶಾಲೆಯಿಂದ ಹತ್ತು ದಿನ ರಜೆ ಸಿಗುವುದಿಲ್ಲ, ಅದನ್ನು ಇವರಿಗೆ ಮೊದಲೇ ಹೇಳಿದ್ದೆ. ಬೇಸಿಗೆ ರಜೆಯಲ್ಲಿ, ಏಪ್ರಿಲ್ ಕೊನೆಗೆ, ಹೋಗಬಹುದಲ್ಲವೇ?

ಶ್ರೀಧರ ಚಿಕ್ಕಪ್ಪ: ಬೇಡ ವಿನುತಾ. ಮಾರ್ಚ್‌ನಿಂದ ಮೇವರೆಗೆ ಅಲ್ಲಿ ದೊಡ್ಡ ಮಳೆಗಾಲ. ಗದಗದ ಎರೆಹೊಲದಲ್ಲಿ ಮಳೆ ಬಿದ್ದ ಮರುದಿನ ನಡೆದವರಿಗೆ ಅಲ್ಲಿನ ಕಪ್ಪು ಮಣ್ಣಿನ ದಾರಿಗಳು ಹೇಗಿರುತ್ತವೆ ಎಂದು ವಿವರಿಸಬೇಕಾಗಿಲ್ಲ. ಎಷ್ಟೋ ಬಿಡಾರಗಳನ್ನು ಆ ದಿನಗಳಲ್ಲಿ ಮುಚ್ಚಿಯೇ ಬಿಡುತ್ತಾರೆ.

ಸುಮಾ: ಹಾಗಾದರೆ ಉಳಿಯುವುದು ದಸರಾ ರಜೆಯೊಂದೇ. ಅಕ್ಟೋಬರ್‌ನಲ್ಲಿ ಹಿಂಡುಗಳು ಎಲ್ಲಿರುತ್ತವೆ ಚಿಕ್ಕಪ್ಪ?

ಶ್ರೀಧರ ಚಿಕ್ಕಪ್ಪ: ಉತ್ತರದಲ್ಲಿಯೇ, ಮರಾ ನದಿಯ ಎರಡೂ ದಡಗಳಲ್ಲಿ ಹರಡಿಕೊಂಡಿರುತ್ತವೆ, ಒಂದಷ್ಟು ಕೆನ್ಯಾದ ಮಸಾಯಿ ಮಾರಾದಲ್ಲಿಯೂ ಇರುತ್ತವೆ. ಚಿಕ್ಕ ಮಳೆ ಶುರುವಾಗುವುದು ಹೆಚ್ಚಾಗಿ ನವೆಂಬರ್‌ನಲ್ಲಿ. ಅದರ ವಾಸನೆ ಬಂದ ಮೇಲೆ ದಕ್ಷಿಣಕ್ಕೆ ತಿರುಗುತ್ತವೆ. ಫೆಬ್ರುವರಿಯನ್ನು ಬಿಡುವುದು ನನಗೆ ನೋವಿನ ಸಂಗತಿ, ಆದರೆ ಮಗುವಿನ ಪರೀಕ್ಷೆಯ ಮುಂದೆ ಅದನ್ನು ಹಟ ಹಿಡಿಯುವುದಿಲ್ಲ. ಜಾಗಗಳ ಸಂಖ್ಯೆಯ ವಿಷಯದಲ್ಲಿ ಮಾತ್ರ ಹಟ ಹಿಡಿಯುತ್ತೇನೆ.

ಅನಿರುದ್ಧ: ಅಕ್ಟೋಬರ್ ನನಗೆ ಸಂಪೂರ್ಣ ಒಪ್ಪಿಗೆ. ಆದರೆ ಎನ್‌ಗೊರೊಂಗೊರೊವನ್ನೂ ಬಿಡಬೇಕೇ? ಆರುನೂರು ಮೀಟರ್ ಆಳದ ಆ ಬೋಗುಣಿಯೊಳಗೆ ಘೇಂಡಾಮೃಗಗಳನ್ನು ಕಾಣುವ ಸಾಧ್ಯತೆ ಬೇರೆ ಕಡೆಗಿಂತ ಹೆಚ್ಚು ಎನ್ನುತ್ತಾರೆ.

ಲಲಿತತ್ತೆ: ನನ್ನ ವಿಷಯವನ್ನು ನೀವೆಲ್ಲ ಚರ್ಚಿಸುತ್ತಿರುವುದರಿಂದ ನಾನೂ ಹೇಳುತ್ತೇನೆ. ಅನಿರುದ್ಧ, ನಿನಗೆ ಆಗ ಏಳು ವರ್ಷ, ಏಪ್ರಿಲ್‌ನಲ್ಲಿ ಕಬಿನಿ ಹಿನ್ನೀರಿಗೆ ಹೋಗಿದ್ದೆವು. ಎರಡು ದಿನ ಗಾಡಿಯಲ್ಲಿ ಸುತ್ತಿದ್ದರಲ್ಲಿ ಒಂದೂ ನನಗೆ ನೆನಪಿಲ್ಲ. ಮೂರನೆಯ ದಿನ ಜೀಪು ಕೆಟ್ಟು ನೀರಿನಂಚಿನಲ್ಲಿ ಸಂಜೆಯವರೆಗೆ ನಿಂತುಬಿಟ್ಟಿತು. ಆನೆಗಳು ಒಂದೊಂದೇ ಸಂಸಾರವಾಗಿ ಕಾಡಿನಿಂದ ಇಳಿದು ಬಂದು ಆ ಬಯಲೆಲ್ಲ ತುಂಬಿದ್ದನ್ನು, ಒಂದು ಮರಿ ಕೆಸರಿನಲ್ಲಿ ಜಾರಿದಾಗ ಮೂರು ಆನೆಗಳು ಸುತ್ತುವರಿದು ನಿಂತದ್ದನ್ನು ಇವತ್ತಿಗೂ ಹೇಳಬಲ್ಲೆ. ನನ್ನನ್ನು ಕರೆದುಕೊಂಡು ಹೋಗುವುದಾದರೆ ಒಂದು ಕಡೆ ಕೂರಿಸಿ. ಕೂತಲ್ಲಿಗೆ ಏನು ಬರುತ್ತದೋ ಅದನ್ನು ನೋಡುತ್ತೇನೆ, ನದಿ ದಾಟಿದರೂ ಸರಿ, ದಾಟದಿದ್ದರೂ ಸರಿ.

ಅನಿರುದ್ಧ: ಅತ್ತೆ, ಆ ಸಂಜೆ ನನಗೂ ನೆನಪಿದೆ. ಎನ್‌ಗೊರೊಂಗೊರೊ ಬಿಡೋಣ. ಅರುಷಾದಿಂದ ಕೊಗಟೆಂಡೆಗೆ ಚಿಕ್ಕ ವಿಮಾನದಲ್ಲಿ ನೇರವಾಗಿ ಹೋಗಿ ಐದು ರಾತ್ರಿಯೂ ಅಲ್ಲಿಯೇ ಉಳಿಯೋಣ. ಆ ವಿಮಾನಗಳಲ್ಲಿ ತಲೆಗೆ ಹದಿನೈದು ಕಿಲೋ ಮಿತಿ, ಅದೂ ಮೆತ್ತನೆಯ ಚೀಲದಲ್ಲಿರಬೇಕು, ಆದ್ದರಿಂದ ಯಾರೂ ಗಟ್ಟಿ ಸೂಟ್‌ಕೇಸ್ ತರಬಾರದು. ನನ್ನ ಕ್ಯಾಮೆರಾದ ಹೆಚ್ಚುವರಿ ತೂಕದ ಖರ್ಚು ನನ್ನದು.

ವಿನುತಾ: ಒಂದು ಮಾತು ಬಿಟ್ಟುಹೋಯಿತು. ಕೆನ್ಯಾದ ನೈರೋಬಿಯ ಮೂಲಕ ಹಿಂತಿರುಗುವ ಟಿಕೆಟ್ ತೆಗೆದರೆ ಹಳದಿ ಜ್ವರದ ಲಸಿಕೆಯ ಪ್ರಶ್ನೆ ಬರುತ್ತದೆ. ಅರವತ್ತು ದಾಟಿದವರು ವೈದ್ಯರನ್ನು ಕೇಳದೆ ಆ ಲಸಿಕೆ ಹಾಕಿಸಿಕೊಳ್ಳಬಾರದು, ಹಾಕಿಸಿಕೊಂಡರೂ ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು ಆಗಿರಬೇಕು. ಅತ್ತೆಯನ್ನು ಈ ಶನಿವಾರ ವೈದ್ಯರ ಬಳಿಗೆ ನಾನೇ ಕರೆದೊಯ್ಯುತ್ತೇನೆ, ಅಲ್ಲಿಯವರೆಗೆ ಟಿಕೆಟ್ ತೆಗೆಯುವುದು ಬೇಡ. ಪ್ಲಾಸ್ಟಿಕ್ ಕೈಚೀಲಗಳನ್ನು ತಾಂಜಾನಿಯಾ 2019ರಿಂದ ನಿಷೇಧಿಸಿದೆ. ಚಕ್ಕುಲಿ, ಕೋಡುಬಳೆಗಳನ್ನು ಡಬ್ಬಿಯಲ್ಲಿಯೇ ಕಟ್ಟೋಣ.

ಶ್ರೀಧರ ಚಿಕ್ಕಪ್ಪ: ಸುಮಾ, ಸಂಸ್ಥೆಯವರಿಗೆ ಇನ್ನೆರಡು ವಿಷಯ ಬರೆದು ಕೇಳು. ಹಿಂಡು ನೀರಿಗಿಳಿಯುವವರೆಗೆ ಗಾಡಿಯನ್ನು ದಡದಿಂದ ದೂರವೇ ನಿಲ್ಲಿಸುವ ಚಾಲಕ ನಮಗೆ ಬೇಕು, ಹತ್ತಿರ ಹೋಗೆಂದು ನಾವು ಯಾರೂ ಒತ್ತಾಯಿಸುವುದಿಲ್ಲ ಎಂದೂ ಬರೆ. ಅಕ್ಕನ ಗುಡಾರಕ್ಕೆ ಮೆಟ್ಟಿಲುಗಳು ಎಷ್ಟು ಎಂಬುದನ್ನು ಫೋಟೊ ಸಹಿತ ತರಿಸು.

ಸುಮಾ: ಹಳೆಯ ಪಟ್ಟಿಯನ್ನು ಅಳಿಸಿದ್ದೇನೆ. ಈ ಎರಡೂ ಪ್ರಶ್ನೆಗಳನ್ನು ಈಗಲೇ ಕಳುಹಿಸುತ್ತೇನೆ, ಉತ್ತರ ಬರುವವರೆಗೆ ಮುಂಗಡ ಕಟ್ಟುವುದಿಲ್ಲ.