ಎವರ್ಟನ್ ಹೊಸ ಸ್ಟೇಡಿಯಂ: ಹಳೇ ಡಾಕ್ ಮುಚ್ಚಿ ಕಟ್ಟಿದ್ದು ಸರಿಯಾ, ಊರಿಗೆ ಎಂತ ಸಿಕ್ತು?

ಹಳೆಬಂದರು:

ನಮಸ್ಕಾರ ಎಲ್ರಿಗೂ. ನಾನು ಮಂಗ್ಳೂರಲ್ಲಿ ಆರ್ಕಿಟೆಕ್ಚರ್ ಮಾಡ್ತಾ ಇದ್ದೇನೆ, ಸೆಮಿನಾರಿಗೆ ಟಾಪಿಕ್ ಕೊಟ್ಟದ್ದು ಉಪಯೋಗ ಇಲ್ಲದೆ ಬಿದ್ದ ಬಂದರು ಜಾಗಗಳ ಬಗ್ಗೆ, ನಾನು ತಗೊಂಡದ್ದು ಲಿವರ್‌ಪೂಲಿನ ಎವರ್ಟನ್ ಕ್ಲಬ್ಬಿನ ಹೊಸ ಸ್ಟೇಡಿಯಂ. ಬ್ರ್ಯಾಮ್ಲಿ-ಮೂರ್ ಡಾಕ್ (ಹಡಗು ನಿಲ್ಲುವ ಕಲ್ಲಿನ ತೊಟ್ಟಿ) ಅಂತ 1848ರದ್ದು ಉಂಟಲ್ಲ, ಅದಕ್ಕೆ ಮರಳು ತುಂಬಿಸಿ ಅದರ ಮೇಲೆ 52 ಸಾವಿರ ಚಿಲ್ರೆ ಜನ ಕೂರುವ ಸ್ಟೇಡಿಯಂ ಎಬ್ಬಿಸಿದ್ದಾರೆ. ಫೋಟೋದಲ್ಲಿ ಭಾರೀ ಚಂದ ಕಾಣ್ತದೆ, ಕೆಳಗೆ ಹಳೇ ಗೋಡೌನ್ ತರ ಇಟ್ಟಿಗೆ, ಮೇಲೆ ಬಾಗಿದ ಮೆಟಲ್ ಮಾಡು.

ಆದ್ರೆ ನಮ್ಮ ಗೈಡ್ ಕೇಳಿದ್ದಕ್ಕೆ ನನ್ನತ್ರ ಉತ್ತರ ಇಲ್ಲ. 2021ರಲ್ಲಿ ಯುನೆಸ್ಕೋದವ್ರು ಲಿವರ್‌ಪೂಲನ್ನು ವಿಶ್ವ ಪರಂಪರೆ ಪಟ್ಟಿಯಿಂದಲೇ ತೆಗೆದ್ರು, ಅವ್ರು ಕೊಟ್ಟ ಕಾರಣಗಳಲ್ಲಿ ಈ ಸ್ಟೇಡಿಯಂ ಕೂಡ ಒಂದು. ಹಾಗಾದ್ರೆ ಒಂದು ಫುಟ್‌ಬಾಲ್ ಕ್ಲಬ್ಬಿಗೋಸ್ಕರ ಅಷ್ಟು ದೊಡ್ಡ ಹೆಸರು ಬಿಟ್ಟದ್ದು ಸರಿಯಾ? ಆ ಏರಿಯಾದವ್ರಿಗೆ ನಿಜವಾಗ್ಲೂ ಏನಾದ್ರೂ ಸಿಗ್ತದಾ ಅಥವಾ ಮ್ಯಾಚ್ ದಿನ ಗಲಾಟೆ ಮಾತ್ರವಾ? ಅಲ್ಲಿ ಇರುವವ್ರು, ಪೋರ್ಟ್ ಕೆಲಸ ಗೊತ್ತಿರುವವ್ರು ಯಾರಾದ್ರೂ ಹೇಳಿ ಮಾರಾಯ್ರೆ. ಬ್ರೋಷರಲ್ಲಿ ಇರುವುದೆಲ್ಲ ನನಗೂ ಸಿಕ್ಕಿದೆ, ಅದು ಬೇಡ.

ನೀಲಿಜರ್ಸಿ:

ನಾನು ಮೈಸೂರಿನವನು, ಕೆಲಸಕ್ಕೆ ಅಂತ ಬಂದು ಲಿವರ್‌ಪೂಲ್ ಹತ್ರಾನೇ ಸೆಟ್ಲ್ ಆಗಿದೀನಿ, ಎವರ್ಟನ್ ಫ್ಯಾನ್, ಸೋ ನಾನ್ ಹೇಳೋದನ್ನ ಸ್ವಲ್ಪ ಉಪ್ಪು ಕಮ್ಮಿ ಮಾಡ್ಕೊಂಡು ಕೇಳಿ.

ಮೊದಲು ಒಂದು ವಿಷ್ಯ, ಇವ್ರು ದಿಢೀರ್ ಅಂತ ನದಿ ದಡಕ್ಕೆ ಹೋಗ್ಲಿಲ್ಲ. ಗುಡಿಸನ್ ಪಾರ್ಕ್‌ನಲ್ಲಿ 1892ರಿಂದ ಆಡ್ತಿದ್ರು, ಸುತ್ತ ಮನೆಗಳ ಸಾಲು, ಒಂದು ಮೂಲೇಲಿ ಚರ್ಚು ಸ್ಟ್ಯಾಂಡಿಗೆ ಅಂಟ್ಕೊಂಡೇ ಇದೆ, ದೊಡ್ಡದು ಮಾಡೋಣ ಅಂದ್ರೆ ಕೈಕಾಲು ಚಾಚೋಕೂ ಜಾಗ ಇಲ್ಲ. ಹಳೇ ಮರದ ಸೀಟು, ಕಂಬ ಅಡ್ಡ ಬಂದು ಅರ್ಧ ಗೋಲ್‌ಪೋಸ್ಟ್ ಕಾಣ್ದೇ ಇರೋ ಸೀಟುಗಳು ಸಾವಿರಾರು ಇದ್ವು. ಅಲ್ಲಿಂದ ಹೊರಡ್ಬೇಕು ಅಂತ ಮೊದ್ಲು ಕಿಂಗ್ಸ್ ಡಾಕ್ ಪ್ಲಾನ್ ಹಾಕಿದ್ರು, ಸಿಟಿ ಸೆಂಟರ್ ಪಕ್ಕದಲ್ಲೇ ಚಿನ್ನದಂಥ ಜಾಗ, ದುಡ್ಡು ಹೊಂದಿಸೋಕಾಗ್ದೆ 2003ರಲ್ಲಿ ಕೈತಪ್ತು, ಈಗ ಅಲ್ಲಿ ಅರೀನಾ ಇದೆ. ಆಮೇಲೆ ಊರಾಚೆ ಕರ್ಕ್‌ಬಿಗೆ ಹೋಗ್ತೀವಿ ಅಂದ್ರು, ಸೂಪರ್‌ಮಾರ್ಕೆಟ್ ಜೊತೆ ಸೇರ್ಕೊಂಡು, ಅದಕ್ಕೆ ಫ್ಯಾನ್ಸೇ ಎರಡು ಪಾಲಾದ್ರು, 2009ರಲ್ಲಿ ಸರ್ಕಾರ ಬೇಡ ಅಂತು. ಹಂಗಾಗಿ ಬ್ರ್ಯಾಮ್ಲಿ-ಮೂರ್ ಅಂತ ಬಂದಾಗ ಜನ ಊರೊಳಗೇ ಇರ್ತೀವಲ್ಲ, ಅದೂ ಮರ್ಸಿ ನದಿ ಪಕ್ಕ, ಅಂತ ಖುಷಿಪಟ್ಟಿದ್ದು ಸುಮ್ನೆ ಅಲ್ಲ.

ಎರಡ್ನೇದು, ಆ ಡಾಕ್ ಹೆಂಗಿತ್ತು ಅಂತ ಫೋಟೋದಲ್ಲಿ ಗೊತ್ತಾಗಲ್ಲ. ಒಂದು ಕಾಲದಲ್ಲಿ ಕಲ್ಲಿದ್ದಲು ಅಲ್ಲಿಂದ ಹಡಗು ಹತ್ತೋದು, ರೈಲು ಹಳಿ ಡಾಕ್ ಅಂಚಿಗೇ ಬರೋದು. ಹಡಗುಗಳು ದೊಡ್ಡದಾದ ಮೇಲೆ, 70ರ ದಶಕದಲ್ಲಿ ಸೀಫೋರ್ಥ್ ಕಡೆ ಕಂಟೇನರ್ ಬಂದರು ಬಂದ್ಮೇಲೆ, ಈ ಕಡೆ ಹಳೇ ಡಾಕ್‌ಗಳೆಲ್ಲ ಒಣಗ್ತಾ ಹೋದ್ವು. ರೀಜೆಂಟ್ ರೋಡ್ ಉದ್ದಕ್ಕೂ ಆಳೆತ್ತರಕ್ಕೂ ಮೀರಿದ ಕಲ್ಲಿನ ಕಾಂಪೌಂಡು, ಒಳಗೆ ಏನಿದೆ ಅಂತ ಊರಿನವ್ರೇ ನೋಡಿರಲಿಲ್ಲ, ಪಕ್ಕದಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕ. ಪರಂಪರೆ ಪರಂಪರೆ ಅಂತ ಮಾತಾಡೋರಲ್ಲಿ ಎಷ್ಟು ಜನ ಆ ಗೋಡೆ ಆಚೆ ಕಾಲಿಟ್ಟಿದ್ರೋ ದೇವ್ರಿಗೇ ಗೊತ್ತು. ಈಗ ಅದೇ ಗೋಡೇಲಿ ದಾರಿ ಬಿಟ್ಟಿದಾರೆ, 1883ರ ಹೈಡ್ರಾಲಿಕ್ ಟವರ್ ರಿಪೇರಿ ಮಾಡಿ ಹಂಗೇ ಉಳಿಸಿದಾರೆ, ಹಳೇ ಹಳಿ, ಹಡಗು ಕಟ್ಟೋ ಗೂಟ ಎಲ್ಲ ಪ್ಲಾಜಾದಲ್ಲೇ ಇವೆ, ಮಕ್ಳು ಹತ್ಕೊಂಡು ಕೂತಿರ್ತಾರೆ.

ಕಡಲ್ಕೊರೆತ:

ಫುಟ್‌ಬಾಲ್ ನನಗೆ ಗೊತ್ತಿಲ್ಲ, ಬಂದರು ಕನ್‌ಸ್ಟ್ರಕ್ಷನ್‌ನಲ್ಲಿ ಕೆಲಸ, ಅದಕ್ಕೆ ಡಾಕ್ ತುಂಬಿಸಿದ ಕಥೆ ಮಾತ್ರ ಹೇಳ್ತೀನಿ, ಸ್ಟೂಡೆಂಟ್‌ಗೆ ಉಪಯೋಗ ಆಗ್ಬಹುದು.

ಜನ ಅಂದ್ಕೊಂಡಿರೋದು ಲಾರಿಗಳಲ್ಲಿ ಮಣ್ಣು ತಂದು ಸುರಿದಿದಾರೆ ಅಂತ. ಅಲ್ಲ. ಐರಿಶ್ ಸಮುದ್ರದ ತಳದಿಂದ ಡ್ರೆಜರ್ ಹಡಗಲ್ಲಿ ಮರಳು ಎತ್ಕೊಂಡು ಬಂದು ನದಿ ಗೋಡೆ ಪಕ್ಕ ನಿಂತು, ಮರಳು ನೀರು ಕಲಸಿದ ಗಂಜಿ ತರ ಮಾಡಿ ಪೈಪಲ್ಲಿ ಡಾಕ್ ಒಳಗೆ ಪಂಪ್ ಮಾಡಿದ್ದು, ಹತ್ರ ಹತ್ರ 5 ಲಕ್ಷ ಕ್ಯೂಬಿಕ್ ಮೀಟರ್. ಅಷ್ಟನ್ನೂ ರಸ್ತೆ ಮೇಲೆ ತಂದಿದ್ರೆ ಆ ಏರಿಯಾ ಧೂಳಲ್ಲೇ ಮುಳುಗೋದು. ಅದಕ್ಕೂ ಮುಂಚೆ ಒಳಗಿದ್ದ ಮೀನು ಹಿಡಿದು ಪಕ್ಕದ ನೀರಿಗೆ ಬಿಟ್ರು, ಎರಡನೇ ಮಹಾಯುದ್ಧದಲ್ಲಿ ಲಿವರ್‌ಪೂಲ್ ಡಾಕ್‌ಗಳ ಮೇಲೆ ಜರ್ಮನ್ನರು ವಿಪರೀತ ಬಾಂಬ್ ಹಾಕಿದ್ರಲ್ಲ, ಹಾಗಾಗಿ ತಳದಲ್ಲಿ ಸಿಡಿಯದೆ ಉಳಿದ ಬಾಂಬ್ ಇದ್ಯಾ ಅಂತಾನೂ ಹುಡುಕ್ಬೇಕಾಯ್ತು. ಮರಳು ಸೆಟ್ಲ್ ಆದ್ಮೇಲೆ ಪೈಲಿಂಗ್, ಅಂದ್ರೆ ಆಳಕ್ಕೆ ಕಂಬ ಇಳಿಸೋದು. ಸ್ಟೇಡಿಯಂ ತೂಕ ಪೈಲ್ ಮೂಲಕ ಕೆಳಗಿನ ಗಟ್ಟಿ ಪದರಕ್ಕೆ ಹೋಗುತ್ತೆ, ಮರಳಿನ ಮೇಲೆ ಕೂತಿಲ್ಲ.

ನನಗೆ ಇಷ್ಟ ಆಗಿದ್ದು ಗೋಡೆ, ರಸ್ತೆ ಕಾಂಪೌಂಡ್ ಅಲ್ಲ, ಡಾಕ್ ಒಳಗಿಂದು. ಜೆಸ್ಸಿ ಹಾರ್ಟ್ಲಿ ಅಂತ ಎಂಜಿನಿಯರ್, ಅಲ್ಲಿನ ಆಲ್ಬರ್ಟ್ ಡಾಕ್ ಕೂಡ ಅವನದೇ, ದೊಡ್ಡ ಸಣ್ಣ ಗ್ರಾನೈಟ್ ಕಲ್ಲುಗಳನ್ನ ಒಂದಕ್ಕೊಂದು ಹೊಂದಿಸಿ ಕಟ್ಟಿದಾನೆ, ಬೇಕಾದ್ರೆ ಅದರ ಕ್ಲೋಸಪ್ ಫೋಟೋ ನಿಮ್ಮ ಸೆಮಿನಾರಿಗೆ ಹಾಕಿ. ಆ ಗೋಡೆ ಒಡೆದಿಲ್ಲ, ರಿಪೇರಿ ಮಾಡಿ ಮರಳಿನೊಳಗೆ ಹೂತಿದಾರೆ. ಪಶ್ಚಿಮಕ್ಕೆ ಒಂದು ನೀರಿನ ಕಾಲುವೆ ಬಿಟ್ಟಿದಾರೆ, ಅಕ್ಕಪಕ್ಕದ ಡಾಕ್‌ಗಳಿಗೆ ನೀರಿನ ಸಂಪರ್ಕ ತಪ್ಪಬಾರದು ಅಂತ. ಮುಂದೆ ಯಾವತ್ತಾದ್ರೂ ಸ್ಟೇಡಿಯಂ ಬೇಡ ಅನ್ಸಿದ್ರೆ ಮರಳು ತೆಗೆದು ಡಾಕ್ ವಾಪಸ್ ತರಬಹುದು ಅನ್ನೋದು ಅವರ ವಾದ. ಕಾಗದದ ಮೇಲೆ ಸರಿ. ತೆಗಿಯೋನು ಯಾರು, ಬಿಲ್ ಕಟ್ಟೋನು ಯಾರು ಅಂತ ಕೇಳ್ಬೇಡಿ.

ಕೆರೆಏರಿ:

ಇದರಲ್ಲಿ ಹೊಸದೇನಿದೆ ಗುರು, ನಮ್ ಬೆಂಗ್ಳೂರಲ್ಲಿ ಸಂಪಂಗಿ ಕೆರೆ ಮುಚ್ಚಿ ಕಂಠೀರವ ಸ್ಟೇಡಿಯಂ ಕಟ್ಟಿಲ್ವಾ, ಅಲ್ಲೇ ಬಿಎಫ್‌ಸಿ ಮ್ಯಾಚ್ ನೋಡಿ ಕಿರುಚ್ಕೊಂಡು ಬರ್ತೀವಿ. ಕರಗಕ್ಕೆ ಅಂತ ಒಂದು ಚಿಕ್ಕ ಕೊಳ ಬಿಟ್ಟಿದಾರೆ ಅಷ್ಟೇ. ನಾವ್ ಮಾಡಿದ್ರೆ ಪರಿಸರ ನಾಶ, ಬ್ರಿಟಿಷರು ಮಾಡಿದ್ರೆ ರೀಜನರೇಷನ್ನು.

ಕಡಲ್ಕೊರೆತ:

ಕೆರೆಏರಿ, ಎರಡೂ ಒಂದೇ ಅಲ್ಲ ಸ್ವಾಮಿ. ಕೆರೆ ಅಂದ್ರೆ ಮೇಲಿಂದ ಮಳೆನೀರು ಬರುತ್ತೆ, ತುಂಬಿದ್ರೆ ಕೋಡಿ ಹರಿದು ಕೆಳಗಿನ ಕೆರೆಗೆ ಹೋಗುತ್ತೆ, ಸರಪಳಿ. ಮಧ್ಯದ ಕೊಂಡಿ ಮುಚ್ಚಿದ್ರೆ ಮಳೆ ಬಂದಾಗ ನೀರು ರೋಡಲ್ಲಿ, ಬೇಸ್‌ಮೆಂಟಲ್ಲಿ ತನ್ನ ಜಾಗ ಹುಡುಕುತ್ತೆ. ಡಾಕ್ ಅಂದ್ರೆ ಮನುಷ್ಯನೇ ನದಿ ಅಂಚಲ್ಲಿ ಕಟ್ಟಿದ ಕಲ್ಲಿನ ತೊಟ್ಟಿ, ಗೇಟ್ ಹಾಕಿ ನೀರು ಹಿಡಿದಿಡೋದು, ಯಾಕಂದ್ರೆ ಮರ್ಸಿಯಲ್ಲಿ ಉಬ್ಬರ ಇಳಿತ ಜಾಸ್ತಿ, ಗೇಟ್ ಇಲ್ದಿದ್ರೆ ಇಳಿತದ ಹೊತ್ತಿಗೆ ಹಡಗು ಕೆಸರಲ್ಲಿ ಕೂತ್ಬಿಡುತ್ತೆ. ಅದನ್ನ ಮುಚ್ಚಿದ್ರೆ ಊರಿಗೆ ನೆರೆ ಬರಲ್ಲ. ಇಲ್ಲಿ ಹೋಗಿದ್ದು ಇತಿಹಾಸ, ನೀರಿನ ವ್ಯವಸ್ಥೆ ಅಲ್ಲ. ಸಂಪಂಗಿಯಲ್ಲಿ ಎರಡೂ ಹೋಯ್ತು.

ಆಚೆದಂಡಿ:

ಯುನೆಸ್ಕೋ ವಿಷಯಕ್ಕ ನಾ ಒಂದ್ ಮಾತು ಹೇಳ್ತೀನ್ರಿ, ನಾವು ಗಂಗಾವತಿ ಕಡಿಯೋರು. ನಮ್ಮ ಹಂಪಿನೂ 1999ರಿಂದ 2006ರ ತನಕ ಡೇಂಜರ್ ಲಿಸ್ಟಿನ್ಯಾಗ ಇತ್ತು, ಆನೆಗೊಂದಿ ಬ್ರಿಡ್ಜ್ ಸಲುವಾಗಿ. ಪಟ್ಟಿ ಅಂದ್ರ ಏನು, ದಂಡಿ ಅಂದ್ರ ಏನು ಅಂತ ನಮಗ ಅವಾಗನ ಗೊತ್ತಾಗೇತಿ. ನೋಡಾಕ ಬರೋರಿಗೆ ಹರಿಗೋಲು ಚಂದ, ದಿನಾ ಹೊಳಿ ದಾಟೋರಿಗೆ ಬ್ರಿಡ್ಜ್ ಬೇಕು. ಆದ್ರ ಕಟ್ಟಿದ್ದ ಆ ಬ್ರಿಡ್ಜ್ 2009ರಾಗ ಕುಸಿದು ಬಿತ್ತು, ಕೆಲಸದೋರು ಸತ್ರು, ಅದರ ಬಗ್ಗೆ ಮಾತಾಡಿದ್ರ ಇವತ್ತಿಗೂ ಸಂಕಟ ಆಕ್ಕೈತಿ.

ಲಿವರ್‌ಪೂಲಿಂದು ಹಂಗಲ್ರಿ, ಪೂರ್ತಿ ಓದ್ರಿ. 2004ರಾಗ ಪಟ್ಟಿಗೆ ಬಂತು, 2012ರಾಗ ಡೇಂಜರ್ ಲಿಸ್ಟಿಗೆ ಹಾಕಿದ್ರು. ಅವಾಗ ಸ್ಟೇಡಿಯಂ ಹೆಸರೂ ಇರಲಿಲ್ಲ, ಲಿವರ್‌ಪೂಲ್ ವಾಟರ್ಸ್ ಅಂತ ಉತ್ತರ ಡಾಕಿನ ಉದ್ದಕ್ಕೂ ಎತ್ತರದ ಬಿಲ್ಡಿಂಗು ಕಟ್ಟೋ ಪ್ರೈವೇಟ್ ಕಂಪ್ನಿ ಪ್ಲಾನ್ ಇತ್ತು, ಸಿಟ್ಟು ಅದರ ಮ್ಯಾಲೆ. ಸ್ಟೇಡಿಯಂ ಕಡೀಗೆ ಬಂದಿದ್ದು. ಎಲ್ಲಾ ಎವರ್ಟನ್ ತಲೀಮ್ಯಾಲೆ ಹಾಕೋದು ಅನ್ಯಾಯ. ಆದ್ರ ಅವರಿಗೆ ಏನೂ ಗೊತ್ತಿರಲಿಲ್ಲ ಅನ್ನೋದೂ ಸುಳ್ಳು, ಅಲ್ಲಿ ಪರಂಪರೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡ್‌ನೋರು ಡಾಕ್ ಮುಚ್ಚಬ್ಯಾಡ್ರಿ ಅಂತ ಆಕ್ಷೇಪಣೆ ಕೊಟ್ಟಿದ್ರು, 2021ರ ಫೆಬ್ರವರಿಗೆ ಸಿಟಿ ಕೌನ್ಸಿಲ್ ಪರ್ಮಿಶನ್ ಕೊಡ್ತು, ಮಾರ್ಚಿಗೆ ಸರ್ಕಾರ ನಾವು ಕೈ ಹಾಕಂಗಿಲ್ಲ ಅಂತು, ಜುಲೈಗೆ ಯುನೆಸ್ಕೋ ಹೆಸರು ಹೊಡೆದು ಹಾಕ್ತು. ಅಲ್ಲೀತನಕ ಜಗತ್ತಿನ್ಯಾಗ ಹಂಗ ಪಟ್ಟಿಯಿಂದ ಹೋಗಿದ್ದು ಎರಡ, ಒಮಾನಿನ ಆರಿಕ್ಸ್ ಅಭಯಾರಣ್ಯ, ಜರ್ಮನಿಯ ಡ್ರೆಸ್ಡೆನ್ ಕಣಿವಿ. ಡ್ರೆಸ್ಡೆನ್‌ದೂ ಬ್ರಿಡ್ಜಿನ ಜಗಳನ ನೋಡ್ರಿ.

ಊರಾಗಿನ ಮಂದಿ ಕೇಳಿ ತೂಕ ಮಾಡಿದ್ರ ಯುನೆಸ್ಕೋ ಬೋರ್ಡಿಗಿಂತ ಸ್ಟೇಡಿಯಂ ಬೇಕು ಅಂತಾರ. ನನಗೂ ಹಂಗ ಅನಸ್ತೈತಿ. ಬೋರ್ಡ್ ಹೋದ ಮ್ಯಾಲೆ ಪ್ರವಾಸಿಗರು ಬರೋದೇನು ನಿಂತಿಲ್ಲಲ್ಲ.

ನಕ್ಷೆಮನೆ:

ನಾನು ಯುಕೆಯಲ್ಲೇ ಟೌನ್ ಪ್ಲಾನಿಂಗ್ ಫೀಲ್ಡಲ್ಲಿದ್ದೀನಿ. ನೀಲಿಜರ್ಸಿ ಅವರ ಉತ್ಸಾಹಕ್ಕೆ ಸ್ವಲ್ಪ ತಣ್ಣೀರು ಹಾಕ್ತೀನಿ, ಬೇಜಾರ್ ಮಾಡ್ಕೋಬೇಡಿ.

ಸ್ಟೇಡಿಯಂ ಬಂದ ತಕ್ಷಣ ಸುತ್ತಮುತ್ತ ಎಲ್ಲ ಚಿಗುರುತ್ತೆ ಅನ್ನೋ ಮಾತು ಪ್ರತಿ ಸಲ ಹೇಳ್ತಾರೆ. ಮಿಡಲ್ಸ್‌ಬರೋದಲ್ಲಿ 1995ರಲ್ಲಿ ರಿವರ್‌ಸೈಡ್ ಸ್ಟೇಡಿಯಂ ಕಟ್ಟಿದ್ದೂ ಇಂಥದೇ ಹಾಳು ಡಾಕ್ ಪಕ್ಕ, ಟೀಸ್ ನದಿ ದಡದಲ್ಲಿ. ಸ್ಟೇಡಿಯಂ ಚೆನ್ನಾಗಿ ಬಂತು, ಸುತ್ತ ಜಾಗ ಎಷ್ಟೋ ವರ್ಷ ಖಾಲಿ ಮೈದಾನವಾಗೇ ಇತ್ತು, ಮ್ಯಾಚ್ ಮುಗಿದ್ರೆ ಗಾಳಿ ಮಾತ್ರ. ಕಾರಣ ಸಿಂಪಲ್, ಲೀಗ್ ಮ್ಯಾಚ್ ತವರಲ್ಲಿ ವರ್ಷಕ್ಕೆ ಇಪ್ಪತ್ತರ ಆಸುಪಾಸು, ಪ್ರೀಮಿಯರ್ ಲೀಗಲ್ಲಾದ್ರೆ 19, ಕಪ್ ಮ್ಯಾಚ್ ಸೇರಿಸಿದ್ರೂ ಬಾಕಿ ದಿನ ಯಾರಿಗೆ ಕಾಫಿ ಮಾರ್ತೀರಿ? ಲಿವರ್‌ಪೂಲಿಗೆ ಒಂದು ಅನುಕೂಲ ಏನಂದ್ರೆ ಹತ್ರಾನೇ ಸ್ಟ್ಯಾನ್ಲಿ ಡಾಕ್, ಅಲ್ಲಿ ಹಳೇ ಗೋದಾಮಲ್ಲಿ ಹೋಟೆಲ್ಲು, ದೈತ್ಯ ಟೊಬ್ಯಾಕೋ ವೇರ್‌ಹೌಸಲ್ಲಿ ಫ್ಲ್ಯಾಟು, ಅಂದ್ರೆ ಜನಜೀವನ ಆಗ್ಲೇ ಶುರುವಾಗಿದೆ. ಸ್ಟೇಡಿಯಂ ಒಂದೇ ಎಲ್ಲ ಎಳೀಬೇಕಿಲ್ಲ.

ದುಡ್ಡಿನ ಕಥೆ ಸೆಮಿನಾರಿಂದ ಬಿಡಬೇಡಿ. 50 ಕೋಟಿ ಪೌಂಡ್ ಅಂತ ಶುರುವಾಗಿದ್ದು 75 ಕೋಟಿ ದಾಟ್ತು. ಸ್ಟೇಡಿಯಂ ಹೆಸರಿನ ಹಕ್ಕು ಮೊದಲು ತನಗೇ ಸಿಗ್ಲಿ ಅಂತ ರಷ್ಯಾದ ಶ್ರೀಮಂತ ಉಸ್ಮಾನೋವ್ ಕಂಪ್ನಿ ಮುಂಚೇನೇ 3 ಕೋಟಿ ಪೌಂಡ್ ಕೊಟ್ಟಿತ್ತು, 2022ರಲ್ಲಿ ಯುಕ್ರೇನ್ ಯುದ್ಧ ಶುರುವಾಗಿ ಅವನ ಮೇಲೆ ನಿರ್ಬಂಧ ಬಿದ್ದು ಅದೂ ನಿಂತ್ಹೋಯ್ತು. ಆಮೇಲೆ ಲೀಗ್ ಹಾಕಿದ ನಷ್ಟದ ಮಿತಿ ಮೀರಿದ್ದಕ್ಕೆ 2023ರ ನವೆಂಬರಲ್ಲಿ 10 ಪಾಯಿಂಟ್ ಕಟ್, ಅಪೀಲಲ್ಲಿ 6ಕ್ಕೆ ಇಳೀತು, 2024ರ ಏಪ್ರಿಲಲ್ಲಿ ಮತ್ತೆ 2. ಸ್ಟೇಡಿಯಂ ಸಾಲದ ಬಡ್ಡಿ ಲೆಕ್ಕ ಹೆಂಗೆ ಹಿಡಿಯೋದು ಅನ್ನೋದೂ ಆ ಜಗಳದೊಳಗಿತ್ತು. ಕೊನೆಗೆ 2024ರ ಡಿಸೆಂಬರಲ್ಲಿ ಕ್ಲಬ್ಬೇ ಅಮೆರಿಕದ ಫ್ರೀಡ್ಕಿನ್ ಗ್ರೂಪ್ ಪಾಲಾಯ್ತು. ಕಟ್ಟಡ ಎದ್ದು ನಿಲ್ಲೋ ಹೊತ್ತಿಗೆ ಕಟ್ಟಿಸಿದ ಮಾಲೀಕನೇ ಇರಲಿಲ್ಲ.

ಇನ್ನೊಂದು ಯಾರೂ ಕೇಳಲ್ಲ: ಗುಡಿಸನ್ ಬೀದಿ ಗತಿ ಏನು? ಮ್ಯಾಚ್ ದಿನದ ವ್ಯಾಪಾರ ನಂಬ್ಕೊಂಡಿದ್ದ ಪಬ್ಬು, ಚಿಪ್ಸ್ ಅಂಗಡಿ, ಸ್ಕಾರ್ಫ್ ಮಾರೋರು ಎಲ್ಲ ಅಲ್ಲಿದ್ರು. ದಡದಲ್ಲಿ ಲಾಭ ಅಂತ ಬರೆಯುವಾಗ ಮೂರು ಕಿಲೋಮೀಟರ್ ಹತ್ರ ಆಚೆ ಆಗೋ ನಷ್ಟವನ್ನೂ ಅದೇ ಪೇಜಲ್ಲಿ ಬರೀರಿ.

ನೀಲಿಜರ್ಸಿ:

ತಣ್ಣೀರು ಏನಿಲ್ಲ, ಗುಡಿಸನ್ ವಿಷ್ಯ ಹೇಳಿದ್ದು ಸರಿ ಸರ್. ಮೊದ್ಲು ಕೆಡವಿ ಮನೆ-ಗಿನೆ ಕಟ್ತೀವಿ ಅಂತಿದ್ರು, ಈಗ ಎವರ್ಟನ್ ಹುಡ್ಗೀರ ಟೀಮಿಗೆ ಅದೇ ತವರು ಮೈದಾನ ಆಗಿದೆ. ಅದು ಒಳ್ಳೇದಾಯ್ತು, ಆದ್ರೆ ಮುಂಚಿನ ಜನಸಂದಣಿ ಬರಲ್ಲ, ಪಬ್‌ನವ್ರಿಗೆ ಏಟು ಬಿದ್ದೇ ಇದೆ. 2025ರ ಮೇ 18ಕ್ಕೆ ಅಲ್ಲಿ ಗಂಡಸರ ಟೀಮಿನ ಕೊನೇ ಮ್ಯಾಚ್, ಸೌತಾಂಪ್ಟನ್ ಮೇಲೆ 2-0, ನಮ್ಮ ಇಲಿಮಾನ್ ಎನ್‌ಡಿಯಾಯ್ ಎರಡೂ ಗೋಲ್ ಹೊಡ್ದ, ಟಿಕೆಟ್ ಇಲ್ದೇ ಇರೋರೂ ಬೀದಿ ತುಂಬ ನಿಂತಿದ್ರು. ತಮಾಷೆ ಅಂದ್ರೆ ಆಗಸ್ಟ್ 24ಕ್ಕೆ ಹೊಸ ಸ್ಟೇಡಿಯಮ್ಮಿನ ಮೊದಲನೇ ಲೀಗ್ ಮ್ಯಾಚಲ್ಲೂ ಮೊದಲ್ನೇ ಗೋಲ್ ಅವನ್ದೇ, ಬ್ರೈಟನ್ ಮೇಲೆ, ಅದೂ 2-0, ನಮ್ಮ ಗೋಲ್‌ಕೀಪರ್ ಪಿಕ್‌ಫರ್ಡ್ ಪೆನಾಲ್ಟಿ ಬೇರೆ ತಡೆದ.

ಬರೀ ಫುಟ್‌ಬಾಲೇ ಅಲ್ಲ, ಆ ನವೆಂಬರಲ್ಲೇ ರಗ್ಬಿ ಲೀಗ್ ಆ್ಯಶಸ್ ಟೆಸ್ಟ್ ಒಂದು ಅಲ್ಲಿ ಆಯ್ತು, 2028ರ ಯೂರೋ ಮ್ಯಾಚುಗಳೂ ಇವೆ.

ನನ್ನ ನಿಜವಾದ ತಕರಾರು ಬೇರೆ, ಅದು ಟ್ರೇನು. ಹತ್ರದ ಸ್ಟೇಷನ್ ಸ್ಯಾಂಡ್‌ಹಿಲ್ಸ್, ಚಿಕ್ಕದು, 50 ಸಾವಿರ ಜನದಲ್ಲಿ ಒಂದು ಪಾಲು ಅಲ್ಲಿಗೆ ಬಂದ್ರೂ ಕ್ಯೂ ಬೇಲಿ ಒಳಗೆ ಹಾವಿನ ಹಾಗೆ ಸುತ್ಕೊಂಡು ನಿಲ್ಲುತ್ತೆ. ಸುತ್ತ ಬೀದಿಗಳಲ್ಲಿ ಮ್ಯಾಚ್ ದಿನ ಕಾರ್ ನಿಲ್ಸಂಗಿಲ್ಲ ಅಂತ ಪರ್ಮಿಟ್ ಮಾಡಿದಾರೆ, ಸೋ ಬಹಳ ಜನ ಸಿಟಿ ಸೆಂಟರ್‌ವರೆಗೂ ನಡೀತಾರೆ, ಅರ್ಧ ಗಂಟೆ ಮೇಲಾಗುತ್ತೆ. ಬೇಸಿಗೇಲಿ ಮಜಾ, ಜನವರಿ ರಾತ್ರಿ ಮರ್ಸಿ ಗಾಳಿ ಮುಖಕ್ಕೆ ಹೊಡೀವಾಗ ವಯಸ್ಸಾದೋರ್ನ ನೋಡಿದ್ರೆ ಪಾಪ ಅನ್ಸುತ್ತೆ. ಇಷ್ಟು ದುಡ್ಡು ಸುರಿದು ಸ್ಟೇಷನ್ ಯಾಕೆ ಮುಂಚೇನೇ ದೊಡ್ಡದು ಮಾಡ್ಲಿಲ್ಲ ಅಂತ ನೀವು ಪ್ಲಾನಿಂಗ್‌ನವ್ರೇ ಹೇಳ್ಬೇಕು.

ನಕ್ಷೆಮನೆ:

ಸ್ಟೇಡಿಯಂ ಕಟ್ಟೋನು ಕ್ಲಬ್ಬು, ರೈಲು ಇನ್ಯಾರದೋ, ರಸ್ತೆ ಕೌನ್ಸಿಲ್ಲಿಂದು. ಪರ್ಮಿಶನ್ ಕೊಡುವಾಗ ಷರತ್ತು ಹಾಕಬಹುದು, ಆದ್ರೆ ಜಾಸ್ತಿ ಹಿಂಡಿದ್ರೆ ಕ್ಲಬ್ಬು ಪ್ರಾಜೆಕ್ಟೇ ಬೇಡ ಅಂದ್ಬಿಟ್ರೆ ಅಂತ ಭಯ. ಆಗ್ಲೇ ಎರಡು ಸಲ ತಪ್ಪಿಹೋಗಿತ್ತಲ್ಲ.

ಹಳೆಬಂದರು:

ಭಾರೀ ಉಪಕಾರ ಆಯ್ತು ಎಲ್ರಿಗೂ. ಮಿಡಲ್ಸ್‌ಬರೋ ನನ್ನ ಲಿಸ್ಟಲ್ಲೇ ಇರಲಿಲ್ಲ, ಎರಡನ್ನೂ ಅಕ್ಕಪಕ್ಕ ಇಟ್ಟು ಮಾಡ್ತೇನೆ. ಕಡಲ್ಕೊರೆತ ಸರ್, ಒಂದು ಡೌಟು ಉಂಟು: ಮರಳು ತುಂಬಿಸಿದ ಮೇಲೆ ಹಳೇ ಗೋಡೆಗೆ ಒಳಗಿಂದ ಒತ್ತಡ ಬೀಳುದಿಲ್ವಾ? ಮೊದಲು ನೀರು ಇದ್ದದ್ದು, ಈಗ ಮರಳು ಅಲ್ವಾ.

ಕಡಲ್ಕೊರೆತ:

ಒಳ್ಳೇ ಪ್ರಶ್ನೆ. ಡಾಕ್ ಗೋಡೆಗೆ ಹಿಂದಿನಿಂದ ಮಣ್ಣು ಯಾವಾಗ್ಲೂ ಒಳಗಡೆಗೆ ತಳ್ತಾ ಇರುತ್ತೆ, ಎದುರಿಗೆ ನೀರು ಆಸರೆ. ನೀರಿನ ಜಾಗಕ್ಕೆ ಮರಳು ಬಂದ್ರೆ ಆಸರೆ ಗಟ್ಟಿಯಾಗುತ್ತೆ, ಹಾಗಾಗಿ ರಸ್ತೆ ಕಡೆ ಗೋಡೆಗೆ ತೊಂದರೆ ಕಮ್ಮಿ. ತಲೆ ಕೆಡಿಸ್ಕೋಬೇಕಾದ್ದು ಕಾಲುವೆ ಬಿಟ್ಟಿರೋ ಕಡೆ, ಅಲ್ಲಿ ಒಂದು ಪಕ್ಕ ತುಂಬಿದ ಮರಳು, ಇನ್ನೊಂದು ಪಕ್ಕ ನೀರು, ಮರಳು ಜಾರದ ಹಾಗೆ ತಡೆ ಬೇಕೇ ಬೇಕು. ಆ ಭಾಗದ ಕ್ರಾಸ್ ಸೆಕ್ಷನ್ ಕೌನ್ಸಿಲ್‌ಗೆ ಕೊಟ್ಟ ಪ್ಲಾನಿಂಗ್ ಡ್ರಾಯಿಂಗ್ಸಲ್ಲಿ ಹುಡುಕಿ, ಸಿಕ್ಕಿದ್ರೆ ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.